ಪಕ್ಕದ ಸೀಟಿನ ನ್ಯೂಟನ್

ವಡೋದರದ ನಮ್ಮ ಮನೆಯಲ್ಲಿ ಐಸಾಕ್ ನ್ಯೂಟನ್ ಇನ್ನೂ ಬದುಕಿದ್ದಾರೆ. ಧಾರವಾಡದ ಹೆಣ್ಣುಮಗಳ ರೂಪದಲ್ಲಿ, ಹನ್ನೊಂದು ಹನ್ನೆರಡನೇ ತರಗತಿಯ ಮಕ್ಕಳಿಗೆ ಫಿಸಿಕ್ಸ್ ಹೇಳುತ್ತ, ನನಗೆ ಎರಡು ಹೊತ್ತು ಊಟ ಹಾಕುತ್ತ. ಇಂಥವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಡೆದಾಟದ ಸಿನಿಮಾದ ಎರಡನೇ ಭಾಗ ನೋಡುವುದಿದೆಯಲ್ಲ, ಪರದೆಯ ಮೇಲಿನ ಯಾವ ಸಾಹಸವೂ ಅದರ ಮುಂದೆ ನಿಲ್ಲದು.

ನನ್ನದು ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲಿ ಕೆಲಸ. ಹಗಲೆಲ್ಲ ಹೆಲ್ಮೆಟ್ ಎಲ್ಲಿ, ಬೆಲ್ಟ್ ಎಲ್ಲಿ, ಏಣಿ ಹಿಡಿದವರು ಯಾರು ಎಂದು ಕೂಗಿ ಕೂಗಿ ಆ ರೋಗ ಮನೆಗೂ ಬಂದಿದೆ. ಟ್ಯೂಬ್‌ಲೈಟ್ ಬದಲಿಸಬೇಕಾದರೆ ಮೇನ್ ಸ್ವಿಚ್ ಆರಿಸುತ್ತೇನೆ, ರಬ್ಬರ್ ಚಪ್ಪಲಿ ಮೆಟ್ಟುತ್ತೇನೆ, ಸ್ಟೂಲ್ ಹಿಡಿಯಲು ಇಬ್ಬರನ್ನು ನಿಲ್ಲಿಸುತ್ತೇನೆ, ಆಮೇಲೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುತ್ತೇನೆ. ಅಡುಗೆಮನೆಗೆ ಹಲ್ಲಿ ಬಂದರೆ ಕಾರ್ಖಾನೆಯ ನಿಯಮದಂತೆ ಮೊದಲು ಜಾಗ ಖಾಲಿ ಮಾಡುವವನೂ ನಾನೇ. ಇಂಥ ಗಂಡಸಿಗೆ ವಾರಕ್ಕೊಮ್ಮೆಯಾದರೂ ಹತ್ತನೇ ಮಹಡಿಯಿಂದ ಹಾರಿ, ಕ್ರಾಪು ಕೆಡದ ಹಾಗೆ ನೆಲಕ್ಕಿಳಿಯುವ ಒಬ್ಬ ಪರಿಚಯಸ್ಥ ಬೇಕಾಗುತ್ತಾನೆ. ಮೊದಲ ಭಾಗಕ್ಕಿಂತ ಎರಡನೆಯದೇ ನನಗಿಷ್ಟ. ಮೊದಲನೆಯದರಲ್ಲಿ ಅವನಿಗೆ ಬಾಲ್ಯ, ತಾಯಿ, ಬಡತನ ಅಂತೆಲ್ಲ ಕಾರಣ ಕೊಡಬೇಕು. ಎರಡನೆಯದರಲ್ಲಿ ನೇರ ಹೊಡೆತ.

‘ಕೆಜಿಎಫ್ ಚಾಪ್ಟರ್ 2’ ಬಂದದ್ದು 2022ರ ಏಪ್ರಿಲ್ 14ಕ್ಕೆ. ಇಲ್ಲಿ ನಮಗೆ ಸಿಕ್ಕಿದ್ದು ಹಿಂದಿ ಆವೃತ್ತಿ. ಯಶ್ ಹಿಂದಿಯಲ್ಲಿ ಗುಡುಗುತ್ತಿದ್ದರೆ ನಾನು ಮನಸ್ಸಿನಲ್ಲೇ ಕನ್ನಡಕ್ಕೆ ಮರಳಿಸಿಕೊಂಡು, ಎಲ್ಲರಿಗಿಂತ ಎರಡು ಸೆಕೆಂಡ್ ತಡವಾಗಿ ಶಿಳ್ಳೆ ಹಾಕುತ್ತಿದ್ದೆ. ಕನ್ನಡದಲ್ಲಿ ‘ದೊಡ್ಡಮ್ಮ’ ಎಂದು ಕರೆಸಿಕೊಂಡ ಆ ಮೆಷಿನ್ ಗನ್ನಿನಿಂದ ಪೊಲೀಸ್ ಠಾಣೆಯನ್ನು ಪುಡಿಗಟ್ಟಿ, ಕೆಂಪಗೆ ಕಾದ ನಳಿಕೆಗೆ ಸಿಗರೇಟು ಹೊತ್ತಿಸಿಕೊಳ್ಳುತ್ತಾನಲ್ಲ ರಾಕಿ, ಆಗ ಅಗ್ನಿ ಸುರಕ್ಷತೆಯ ಸರ್ಟಿಫಿಕೇಟ್ ಪಡೆದ ನಾನು ಸೀಟಿನ ಮೇಲೆ ನಿಂತಿದ್ದೆ. ನಿಲ್ಲುವ ಮುಂಚೆ ಸೀಟು ಅಲ್ಲಾಡುತ್ತದೆಯೋ ಎಂದು ನೋಡಿಕೊಂಡಿದ್ದೆ, ಆ ಮಾತು ಬೇರೆ.

ಇನ್ನೊಂದು ಗುಂಡಿನ ಕಾಳಗದ ನಡುವೆ ಕಿವಿಯಲ್ಲಿ ಧಾರವಾಡ ಕೇಳಿಸಿತು.

“ಏನ್ರೀ, ಕಲಾಶ್ನಿಕೋವ್ ಗುಂಡಿನ ತೂಕ 8 ಗ್ರಾಂ. ಸೆಕೆಂಡಿಗೆ 700 ಮೀಟರ್ ಓಡತೈತಿ ಅಂತ ಹಿಡೀರಿ. 70 ಕಿಲೋ ಮನಿಷ್ಯಾಗ ಬಡದ್ರ ಅಂವಾ ಹಿಂದ ಸರಿಯೋದು ಸೆಕೆಂಡಿಗೆ 8 ಸೆಂಟಿಮೀಟರ್. ಇಂವಾ ಯಾಕ ಗ್ವಾಡಿ ಒಡಕೊಂಡು ಆಚಿ ಓಣ್ಯಾಗ ಬಿದ್ದ?”

“ಗುಂಡಿಗೆ ಬಿದ್ದದ್ದಲ್ಲ ಕಣೇ, ಹೀರೋಗೆ ಗೌರವ ಕೊಟ್ಟು ಬಿದ್ದದ್ದು.”

“ಹಂಗಾರ ಗುಂಡ್ಯಾಕ ಖರ್ಚ್ ಮಾಡ್ಯಾನ?”

ಲೆಕ್ಕ ತಪ್ಪಿಲ್ಲ. ಅದೇ ಸಂಕಟ. ಆ ಸಾಲಿನ ಗುಜರಾತಿಗಳಿಗೆ ಇಂಥ ಯಾವ ತಾಪತ್ರಯವೂ ಇರಲಿಲ್ಲ. ಅವರದು ಬೇರೆ ಗಣಿತ. ಇಂಟರ್ವಲ್‌ನಲ್ಲಿ ನಮ್ಮ ಸೊಸೈಟಿಯ ಕಾಕಾ ಒಬ್ಬರು ನನ್ನ ಹೆಗಲ ಮೇಲೆ ಕೈಹಾಕಿ, “ಆ ಗಣಿ ನಿಮ್ಮ ಕಡೆಯದಂತೆ, ಈಗಲೂ ಚಿನ್ನ ಬರುತ್ತಾ?” ಎಂದರು. ನಾನು ಎದೆಯುಬ್ಬಿಸಿ ಕೋಲಾರದ ಕಥೆ ಬಿಚ್ಚಿದೆ. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದ ಊರು, 3 ಕಿಲೋಮೀಟರಿಗೂ ಆಳಕ್ಕೆ ಇಳಿದ ಚಾಂಪಿಯನ್ ರೀಫ್, 2001ರ ಫೆಬ್ರುವರಿ 28ಕ್ಕೆ ಬಿದ್ದ ಬೀಗ. ಅವರು ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡು, “ಮೇಲಿನ ಜಮೀನು ಏನು ರೇಟು?” ಎಂದರು. ಮರುದಿನದಿಂದ ಸೊಸೈಟಿಯ ಹುಡುಗರು ನನ್ನನ್ನು ‘ರಾಕಿ ಭಾಯ್ ಅಂಕಲ್’ ಎನ್ನತೊಡಗಿದರು. ಹಲ್ಲಿಯ ಸುದ್ದಿ ಅವರಿಗೂ ತಲುಪುವವರೆಗೆ ಆ ಬಿರುದು ನನ್ನಲ್ಲಿತ್ತು.

ಕಾರು ಓಡಿಸುವಾಗಲೂ ನನಗೆ ಬಿಡುಗಡೆಯಿಲ್ಲ. ‘ಫಾಸ್ಟ್ ಆ್ಯಂಡ್ ಫ್ಯೂರಿಯಸ್’ ಸರಣಿಯ ಒಂಬತ್ತನೆಯದರಲ್ಲಿ ಇಬ್ಬರು ಮಹಾನುಭಾವರು ಹಳೇ ಪಾಂಟಿಯಾಕ್ ಕಾರಿಗೆ ರಾಕೆಟ್ ಕಟ್ಟಿ ಅಂತರಿಕ್ಷಕ್ಕೆ ಹೋಗಿ ಉಪಗ್ರಹಕ್ಕೆ ಗುದ್ದುತ್ತಾರೆ. ಮನೆಯಲ್ಲಿ ಅದನ್ನು ನೋಡಿ ಮುಗಿಸಿ, ಮಗಳ ಮನೆಗೆಂದು ಅಹಮದಾಬಾದ್ ಎಕ್ಸ್‌ಪ್ರೆಸ್‌ವೇ ಹಿಡಿದಿದ್ದೆವು. ನಾನು ಎಂದಿನಂತೆ ಎಡಗಡೆ, ಲಾರಿಗಳ ಸಹವಾಸದಲ್ಲಿ. ಭೂಮಿ ಸುತ್ತಲು ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್ ವೇಗ ಬೇಕಂತೆ. “ಈ 93 ಕಿಲೋಮೀಟರ್ 12 ಸೆಕೆಂಡಿನ್ಯಾಗ ಮುಗೀತಿತ್ತು” ಎಂದಳು ಪಕ್ಕದ ಸೀಟಿನ ನ್ಯೂಟನ್. ಆನಂದ್ ದಾಟುವ ಹೊತ್ತಿಗೆ ಇನ್ನೊಮ್ಮೆ ನನ್ನ ಸ್ಪೀಡೋಮೀಟರ್ ನೋಡಿ ಸುಮ್ಮನೆ ನಕ್ಕಳು. 12 ಸೆಕೆಂಡಿನಲ್ಲಿ ತಲುಪಿದರೂ ಸಿಟಿಎಂ ಚೌಕದ ಟ್ರಾಫಿಕ್ಕಿನಲ್ಲಿ ರಾಕೆಟ್ಟೂ ನಿಲ್ಲಲೇಬೇಕು ಎಂಬ ನನ್ನ ವಾದವನ್ನು ಆಕೆ ವಿಜ್ಞಾನವೆಂದು ಒಪ್ಪಲಿಲ್ಲ.

ಅಹಮದಾಬಾದಿನಲ್ಲಿ ನನ್ನಂಥವರಿಗೇ ಹೇಳಿ ಮಾಡಿಸಿದ ಒಂದು ಜಾಗವಿದೆ. ಥಲ್ತೇಜ್ ಬಳಿಯ ಸನ್‌ಸೆಟ್ ಡ್ರೈವ್‌ಇನ್ ಸಿನಿಮಾ, 1973ರದು. ಆ ರಸ್ತೆಯ ಹೆಸರೇ ಡ್ರೈವ್‌ಇನ್ ರೋಡ್. ಜನ ಸಂಸಾರ ಸಮೇತ ಬಂದು, ಚಾಪೆ ದಿಂಬು ಹಾಸಿ, ಥೇಪ್ಲಾ ಛುಂದೋ ಬಿಚ್ಚಿ, ಆಕಾಶದ ಕೆಳಗೆ ಸಿನಿಮಾ ನೋಡುತ್ತಾರೆ. ನಾವು ಚುರುಮುರಿ ಕಟ್ಟಿಕೊಂಡು ಹೋಗುತ್ತೇವೆ. ಪರದೆಯ ಮೇಲೆ ಕಾರುಗಳು ಸೇತುವೆಯಿಂದ ಸೇತುವೆಗೆ ಹಾರುತ್ತಿದ್ದರೆ ಕೆಳಗೆ ನಾನು ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಸೀಟ್‌ಬೆಲ್ಟ್ ಹಾಕಿಕೊಂಡು ಕೂತಿರುತ್ತೇನೆ.

ಸೂರತ್ತಿನಲ್ಲಿರುವ ನನ್ನ ಭಾವಮೈದುನನದು ಅಕ್ಕನಿಗಿಂತ ಘೋರ. ಅವನಿಗೆ ‘ವಾಸ್ತವ’ವೇ ಬೇಕು. ಬೇಕಾದರೆ ಅವನ ಊರಲ್ಲೇ ಅದು ಧಾರಾಳ. ಜಗತ್ತಿನ ವಜ್ರಗಳಲ್ಲಿ ಬಹುಪಾಲು ಹೊಳಪು ಪಡೆಯುವುದು ಸೂರತ್ತಿನಲ್ಲಿ. ಮಹಿಧರಪುರದ ಹೀರಾ ಬಜಾರಿಗೆ ಹೋಗಿ ನೋಡಿ. ಬೀದಿಯಲ್ಲಿ ನಿಲ್ಲಿಸಿದ ಸ್ಕೂಟರಿನ ಸೀಟೇ ಅಂಗಡಿ. ಜೇಬಿನಿಂದ ಮಡಿಸಿದ ಕಾಗದದ ಪೊಟ್ಟಣ ತೆಗೆಯುತ್ತಾರೆ, ಚಿಮುಟದಿಂದ ಎತ್ತಿ ಬೆಳಕಿಗೆ ಹಿಡಿಯುತ್ತಾರೆ, ದರ ಪಿಸುಗುಡುತ್ತಾರೆ, ಚಹಾ ಕುಡಿಯುತ್ತಾರೆ. ಊರಿಂದೂರಿಗೆ ಸಾಗಿಸಲು ಆಂಗಡಿಯಾ ಎಂಬ ನಂಬಿಕೆಯ ಮನುಷ್ಯ ಸಾದಾ ಬಟ್ಟೆಯಲ್ಲಿ ರೈಲು ಹತ್ತುತ್ತಾನೆ. ಕೋಟಿಗಟ್ಟಲೆ ವ್ಯವಹಾರ, ಒಂದೂ ಹೆಲಿಕಾಪ್ಟರ್ ಉರುಳುವುದಿಲ್ಲ! ಇದನ್ನೇ ಮೂರು ಗಂಟೆ ತೆರೆಯ ಮೇಲೆ ತೋರಿಸಿದರೆ ಮಲ್ಟಿಪ್ಲೆಕ್ಸಿನ ಪಾಪ್‌ಕಾರ್ನ್ ದರ ಕೊಟ್ಟು ಯಾವ ಸೂರತ್ತಿಯೂ ಕೂರುವುದಿಲ್ಲ.

ಇಂಥ ಹುಚ್ಚು ಮುಂದುವರಿಕೆಗಳೆಲ್ಲ ಹಾಲಿವುಡ್ಡಿನ ಪಿಡುಗು ಎಂದು ಭಾವಮೈದುನ ಊಟಕ್ಕೆ ಕೂತಾಗ ಸಾರಿದ. ನಾನು ರೊಟ್ಟಿ ಕೆಳಗಿಟ್ಟೆ. ನಮ್ಮ ದೊರೆ–ಭಗವಾನ್ ಜೋಡಿ ರಾಜಕುಮಾರರನ್ನು ಸಿಐಡಿ 999 ಮಾಡಿದ್ದು 1968ರಲ್ಲಿ, ‘ಜೇಡರ ಬಲೆ’. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಒಟ್ಟು ನಾಲ್ಕು ಭಾಗ, ಕೊನೆಯದರಲ್ಲಿ ಅಣ್ಣಾವ್ರ ಗಂಟಲಲ್ಲೇ ಒಂದು ಇಂಗ್ಲಿಷ್ ಹಾಡು. ಅವರ ಹೊಡೆತಕ್ಕೆ ಖಳರು ಎಷ್ಟು ಸೆಂಟಿಮೀಟರ್ ಹಿಂದೆ ಹೋದರೆಂದು ಧಾರವಾಡದಲ್ಲಿ ಯಾರಾದರೂ ಅಳೆದಿದ್ದರೇ ಎಂದು ಕೇಳಿದೆ. ಅಕ್ಕ ತಮ್ಮ ಇಬ್ಬರೂ ಮುಖ ಮುಖ ನೋಡಿಕೊಂಡರು. “ಅಣ್ಣಾವ್ರ ಮಾತು ಬ್ಯಾರೆ” ಎಂದಳು ನ್ಯೂಟನ್. ಸಂವೇಗದ ನಿಯಮಕ್ಕೆ ಆ ಮನೆಯಲ್ಲಿ ಕೊಟ್ಟ ಏಕೈಕ ವಿನಾಯಿತಿ ಅದು.

ಬಂಡಿ ಅನ್ನ ತಿಂದು ಬಕಾಸುರನನ್ನು ಮುರಿದ ಭೀಮನ ಕಥೆ ಹೇಳುವಾಗ ಯಾವ ಅಜ್ಜಿಯನ್ನೂ ನಾವು ಕ್ಯಾಲೊರಿ ಕೇಳಿದವರಲ್ಲ. ‘ಇನ್ನೊಂದು ಸಲ ಹೇಳಜ್ಜಿ’ ಎಂದಷ್ಟೇ ಕೇಳಿದ್ದು. ಟಿಕೆಟ್ ಕೊಂಡು ಎರಡನೇ ಭಾಗಕ್ಕೆ ಹೋಗುವವನು ಕೇಳುವುದೂ ಅಷ್ಟೇ.

ಆದ್ದರಿಂದ ‘ಕೆಜಿಎಫ್’ ನಿರ್ದೇಶಕ ಪ್ರಶಾಂತ್ ನೀಲ್ ಅವರಲ್ಲಿ ಒಂದು ವಿನಂತಿ. ಎರಡನೇ ಭಾಗದ ಕೊನೆಯಲ್ಲಿ ಮೂರನೆಯದರ ಸುಳಿವು ತೋರಿಸಿ ಎದ್ದು ಹೋಗಿದ್ದೀರಿ. ನನ್ನ ಮೊಣಕಾಲು ಇನ್ನು ಕೆಲವೇ ವರ್ಷ ಥಿಯೇಟರಿನ ಮೆಟ್ಟಿಲು ಹತ್ತೀತು, ಬೇಗ ಮುಗಿಸಿ. ಗುಂಡಿನ ಲೆಕ್ಕ ನೀವು ಇಡಬೇಡಿ, ಅದಕ್ಕೆ ನಮ್ಮ ಮನೆಯಲ್ಲಿ ಜನ ಇದ್ದಾರೆ.