ಬಳಸಮುದ್ರಕ್ಕೊಂದು ಹಾಯಿದೋಣಿ ಪ್ರವಾಸ

ಇಂಗ್ಲೆಂಡಿನಲ್ಲಿರುವ ನನ್ನ ತಮ್ಮನ ಮಗಳು ಯುಗಾದಿ ಹಬ್ಬದ ದಿನ ಫೋನ್ ಮಾಡಿದವಳು ಎಂದಿನಂತೆ ಶುಗರ್ ಎಷ್ಟಿದೆ ಎಂದು ವಿಚಾರಿಸಲಿಲ್ಲ. "ದೊಡ್ಡಪ್ಪ, ನಾವೊಂದು ಹಾಯಿದೋಣಿ ತಗೊಂಡ್ವಿ" ಅಂದಳು. ನಮ್ಮ ಕಡೆ ಸೈಟು ತಗೊಂಡವರಿದ್ದಾರೆ, ಟ್ರ್ಯಾಕ್ಟರ್ ತಗೊಂಡವರಿದ್ದಾರೆ, ಕೆಲಸಕ್ಕೆ ಬಾರದ ಸೀಮೆಹಸು ತಗೊಂಡು ಕೈ ಸುಟ್ಟುಕೊಂಡವರೂ ಇದ್ದಾರೆ. ದೋಣಿ ತಗೊಂಡವರು ಮಧುಗಿರಿಯ ಸಂತತಿಯಲ್ಲಿ ಇವಳೇ ಮೊದಲಿರಬೇಕು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ರಜೆ ಹಾಕಿ, ಎಂಟು ವರ್ಷದ ಮಗಳನ್ನೂ ಐದು ವರ್ಷದ ಮಗನನ್ನೂ ಕೂರಿಸಿಕೊಂಡು ಅಟ್ಲಾಂಟಿಕ್ ದಾಟುತ್ತಾರಂತೆ. ಬಿರುಗಾಳಿಯ ಹೆದರಿಕೆ ಇಲ್ಲ, ತಿಮಿಂಗಿಲದ ಹೆದರಿಕೆ ಇಲ್ಲ. ಅವಳ ಚಿಂತೆ ಒಂದೇ. "ಮೂರು ವಾರ ನೀರು ಬಿಟ್ರೆ ಬೇರೇನೂ ಕಾಣಲ್ಲ ದೊಡ್ಡಪ್ಪ. ಮಕ್ಕಳಿಗೆ ಬೋರ್ ಆಗುತ್ತಲ್ಲ, ಏನ್ಮಾಡೋದು?"

ನಮ್ಮ ಸೀಮೆಯಲ್ಲಿ ಬೋರ್ ಆಗುವುದಿಲ್ಲ. ಕೊರೆಸುತ್ತೇವೆ, ಅದು ಫೇಲಾಗುತ್ತದೆ. ಇಷ್ಟು ಹೇಳಿ ಫೋನಿಟ್ಟುಬಿಡಬಹುದಿತ್ತು. ಆದರೆ ಹುಡುಗಿ ಪಾಪ, ಹಿಂದೆ ದಾಟಿ ಬಂದ ತಂದೆತಾಯಂದಿರನ್ನು ಕೇಳಿ ಬರೆದಿಟ್ಟುಕೊಂಡಿದ್ದ ಪಟ್ಟಿಯನ್ನು ಓದತೊಡಗಿದಳು. ಕ್ಯಾನರಿ ದ್ವೀಪಗಳಿಂದ ಕೆರಿಬಿಯನ್‌ವರೆಗೆ 2,700 ನಾಟಿಕಲ್ ಮೈಲಿ. ದಿನಕ್ಕೊಂದರಂತೆ ಪುಟ್ಟ ಉಡುಗೊರೆಗಳನ್ನು ಬಣ್ಣದ ಕಾಗದದಲ್ಲಿ ಸುತ್ತಿ ಮೊದಲೇ ಬಚ್ಚಿಡಬೇಕಂತೆ. ಸಂಜೆಯಾದರೆ ಮಕ್ಕಳ ಕೈಯಲ್ಲಿ ನಕ್ಷೆಯ ಮೇಲೆ ಗೆರೆ ಎಳೆಸಬೇಕಂತೆ. ಅರ್ಧ ದಾರಿ ಕಳೆದ ದಿನ ಕೇಕು ಕತ್ತರಿಸಿ ಹಬ್ಬ ಮಾಡಬೇಕಂತೆ. ನಡುವೆ ನಿಧಿ ಹುಡುಕುವ ಆಟ. 'ಇನ್ನೆಷ್ಟು ದೂರ' ಎಂದು ಕೇಳಿದರೆ ಸಂಖ್ಯೆ ಹೇಳಲೇಬಾರದಂತೆ. 'ಹತ್ತಿರ ಬಂದ್ವಿ' ಅನ್ನಬೇಕಂತೆ.

ಕೇಳುತ್ತ ಕೇಳುತ್ತ ಇದನ್ನೆಲ್ಲ ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ನೋಡುವುದೇನು, ಅನುಭವಿಸಿದ್ದೇನೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ಮಕ್ಕಳನ್ನು ಎರಡು ತಲೆಮಾರಿನಿಂದ, ದೋಣಿಯೂ ಇಲ್ಲದೆ ನೀರೂ ಇಲ್ಲದೆ, ಯಾನದಲ್ಲಿ ಕೂರಿಸಿ ರಂಜಿಸುತ್ತಿರುವ ಮಹಾನುಭಾವರು ನಮ್ಮಲ್ಲೇ ಇದ್ದಾರೆ. ಮೂರು ವಾರ ಅಂತೆ, ಮೂರು ವಾರ!

"ಹೊರಡೋಕೆ ಮುಂಚೆ ಮಕ್ಕಳನ್ನ ಒಂದ್ಸಲ ಇಲ್ಲಿಗೆ ಕರ್ಕೊಂಡು ಬಾರಮ್ಮ. ಟ್ರೇನಿಂಗ್ ಆಗುತ್ತೆ" ಅಂದೆ.

ಶ್ರಾವಣದಲ್ಲಿ ಬಂದರು. ಸಮುದ್ರಯಾನಕ್ಕೆ ಹೊರಟವರು ಗೊರವನಹಳ್ಳಿ ಲಕ್ಷ್ಮಿಗೆ ಮಡಿಲು ತುಂಬಿ, ಶ್ರಾವಣ ಶನಿವಾರ ಪಾವಗಡದ ಶನಿಮಹಾತ್ಮನಿಗೆ ಎಳ್ಳುದೀಪ ಹಚ್ಚಬೇಕೆಂದು ನಮ್ಮನೆಯಾಕೆಯ ಅಪ್ಪಣೆ. ಬಾಡಿಗೆ ಕಾರು, ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು. ಚಿಕ್ಕವನು ಹೊಸದಾಗಿ ಕೊಡಿಸಿದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಿಚ್ಚಲು ಒಪ್ಪದೆ ತೊಟ್ಟೇ ಕೂತಿದ್ದ. ಕೊರಟಗೆರೆ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ನೋಡಿದ ಹೂವಿನವಳು, ಹುಡುಗನಿಗೆ ಬೆನ್ನು ಮೂಳೆಯ ತೊಂದರೆಯಾ ಎಂದು ಕನಿಕರದಿಂದ ಕೇಳಿದಳು.

ದೊಡ್ಡವಳಿಗೆ ಕನ್ನಡ ಓದಲು ಬರುತ್ತದೆ. ಅದು ಅವರಮ್ಮನ ಹಟ. ಬೋರ್ಡುಗಳನ್ನು ಕೂಡಿಸಿ ಕೂಡಿಸಿ ಓದುತ್ತಿದ್ದವಳು ಕೇಳಿದಳು, "ತಾತ, ಕೊರಟ-ಗೆರೆ ಅಂದ್ರೆ ಲೇಕ್ ಅಲ್ವಾ?"

ಹೌದು ಪುಟ್ಟಿ, ಕೆರೆಯೇ. ಹೆಸರಿನಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಮಧುಗಿರಿ ತಾಲ್ಲೂಕಿನ ಹೋಬಳಿ ದೊಡ್ಡೇರಿ: ದೊಡ್ಡ ಏರಿ. ಶಿರಾ ತಾಲ್ಲೂಕಿನಲ್ಲಿ ಗೌಡಗೆರೆ ಒಂದು ಹೋಬಳಿ, ಹುಲಿಕುಂಟೆ ಇನ್ನೊಂದು. ಹುಲಿ ಹೋಯಿತು, ಕುಂಟೆ ಹೋಯಿತು, ರೆವೆನ್ಯೂ ಇನ್‌ಸ್ಪೆಕ್ಟರು ಉಳಿದರು. ಬುಕ್ಕಾಪಟ್ಟಣ ಎಂಬ ಹೆಸರು ಕೇಳಿದರೆ ಹಡಗು ಬಂದು ನಿಲ್ಲುವ ರೇವುಪಟ್ಟಣವೇನೋ ಅನ್ನಿಸಬೇಕು. ಅಲ್ಲಿರುವುದು ನೀರಿಲ್ಲದೆಯೂ ಬದುಕುವ ಚಿಂಕಾರ, ಅದಕ್ಕೆಂದೇ 2019ರಲ್ಲಿ ಆದ ವನ್ಯಧಾಮ. ಪಾವಗಡದವರಂತೂ ಕೆರೆ ಕುಂಟೆಗೆಲ್ಲ ನಿಲ್ಲುವವರಲ್ಲ. ಅವರದು ನೇರ ಸಮುದ್ರ: ಬಳಸಮುದ್ರ.

"ಸಮುದ್ರನಾ! ಇವತ್ತೇ ಹೋಗೋಣ" ಎಂದ ಲೈಫ್ ಜಾಕೆಟ್ಟಿನವನು.

"ಇವತ್ತು ಲಕ್ಷ್ಮಿ. ಸಮುದ್ರ ಶನಿವಾರ" ಎಂದಳು ಅಜ್ಜಿ.

ಲಕ್ಷ್ಮಿ ಎಂದರೆ ಹಾಲ್ಗಡಲು ಕಡೆದಾಗ ಹುಟ್ಟಿದವಳು. ಕಡಲ ಮಗಳನ್ನು ಕೊರಟಗೆರೆಗೆ ಕೊಟ್ಟಿದ್ದಾರೆ. ದೇವಸ್ಥಾನದ ಹತ್ತಿರವೇ ತೀತಾ ಜಲಾಶಯ ಇರುವುದರಿಂದ ತಾಯಿಗೆ ತವರಿನ ನೆನಪು ಆಗೊಮ್ಮೆ ಈಗೊಮ್ಮೆಯಾದರೂ ಬರುತ್ತಿರಬಹುದು. ಆದರೆ ಅವಳಿಗೆ ನಿಜವಾದ ತವರುಮನೆ ಕಟ್ಟಿಕೊಡುತ್ತೇವೆಂದು ಹೊರಟಿದ್ದು ಎತ್ತಿನಹೊಳೆ ಯೋಜನೆ. ಪಶ್ಚಿಮಘಟ್ಟದಲ್ಲಿ ನೇತ್ರಾವತಿಯ ಕಡೆಗೆ ಓಡುವ ಹಳ್ಳಗಳ 24.01 ಟಿಎಂಸಿ ನೀರನ್ನು ಎತ್ತಿ ಪೂರ್ವಕ್ಕೆ ತರುವ ಬೃಹತ್ ಹಾಯಿದೋಣಿ ಇದು. 2014ರಲ್ಲಿ ಶಂಕುಸ್ಥಾಪನೆ, ಅಂದಾಜು ವೆಚ್ಚ ಹನ್ನೆರಡು ಸಾವಿರ ಚಿಲ್ಲರೆ ಕೋಟಿ. ಈಗ 23,000 ಕೋಟಿ ದಾಟಿದೆ. ಘಟ್ಟದಿಂದ ಬರಬೇಕಾದ ಪ್ರವಾಹ ಕಡತಕ್ಕೆ ಬಂದಿದೆ. ನೀರು ನಿಲ್ಲಿಸುವ ಜಲಾಶಯ ಮೊದಲು ದೇವರಾಯನದುರ್ಗದ ಹತ್ತಿರ ಅಂದರು, ಆಮೇಲೆ ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲು ಅಂದರು. ಅಲ್ಲಿ ಒಂದು ಸಣ್ಣ ಲೆಕ್ಕದ ತೊಡಕಾಯಿತು. ಮುಳುಗಡೆ ಎರಡು ತಾಲ್ಲೂಕಿಗೆ ಹಂಚಿತ್ತು. ಗಡಿಯ ಆಚೆ ದೊಡ್ಡಬಳ್ಳಾಪುರದ ಎಕರೆಗೆ ಒಂದು ಬೆಲೆ, ಈಚೆ ಕೊರಟಗೆರೆಯ ಎಕರೆಗೆ ಅದರ ಮುಂದೆ ನಾಚಿಕೆಪಡುವ ಬೆಲೆ. ಒಂದೇ ನೀರಿನಲ್ಲಿ ಮುಳುಗುವವರಿಗೆ ಎರಡು ಟಿಕೆಟ್ ದರ! ನಮ್ಮ ಕೆಂಪು ಬಸ್ಸಿನಲ್ಲೂ ಹೀಗಿಲ್ಲ. ರೈತರು ಒಪ್ಪಲಿಲ್ಲ. ಹೀಗಾಗಿ ಮುಳುಗುವ ಭಾಗ್ಯವೂ ತಪ್ಪಿತು, ತೇಲುವ ಭಾಗ್ಯವೂ ತಪ್ಪಿತು.

ಹಾಗೆಂದು ಅರ್ಧ ದಾರಿಯ ಕೇಕು ತಪ್ಪಿಸಲಿಲ್ಲ ನೋಡಿ. 2024ರ ಸೆಪ್ಟೆಂಬರ್ 6, ಗೌರಿಹಬ್ಬ. ಸಕಲೇಶಪುರದ ಕಡೆ ಮೊದಲ ಹಂತದ ಉದ್ಘಾಟನೆಯಾಯಿತು, ನೀರು ಚಿಮ್ಮಿತು, ಬಾಗಿನ ಅರ್ಪಣೆಯಾಯಿತು. ಮುಂದಿನ ಕಾಲುವೆ ಸಿದ್ಧವಿಲ್ಲದ್ದರಿಂದ ಆ ನೀರನ್ನು ಸದ್ಯಕ್ಕೆ ವಾಣಿವಿಲಾಸ ಸಾಗರದ ದಾರಿ ಹಿಡಿಸಿದರು. ಕೇಕು ಕತ್ತರಿಸಿದ್ದು ನಮ್ಮ ಹುಟ್ಟುಹಬ್ಬಕ್ಕೆ, ತಿಂದದ್ದು ಪಕ್ಕದ ಮನೆ. ಆದರೂ ಟಿವಿಯಲ್ಲಿ ನೀರು ಚಿಮ್ಮುವುದನ್ನು ನೋಡಿ ನಾವು ಚಪ್ಪಾಳೆ ತಟ್ಟಿದ್ದು ನಿಜ. ಮಕ್ಕಳು ಹಾಗೇ.

ನಕ್ಷೆಗೆ ಬಣ್ಣ ಹಚ್ಚುವ ಆಟ ಭದ್ರಾ ಮೇಲ್ದಂಡೆಯದು. ನೀಲಿ ಗೆರೆಯೊಂದು ಶಿರಾ ತಲುಪಿ ಪಾವಗಡದತ್ತ ಹೋಗುತ್ತದೆ, ಬಹಳ ಚೆನ್ನಾಗಿ ಬಂದಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ಎಂದು ಘೋಷಿಸಿದಾಗ ಕೆಲವರು ಪಟಾಕಿ ಹೊಡೆದರು. ಬಣ್ಣದ ಕಾಗದ ಬಿಚ್ಚಿ ನೋಡಿದಾಗ ಒಳಗೆ ಇನ್ನೊಂದು ಬಣ್ಣದ ಕಾಗದ. ಅದನ್ನು ಬಿಚ್ಚುವ ಕೆಲಸ ಬೆಂಗಳೂರಿಗೂ ದೆಹಲಿಗೂ ನಡುವಿನ ಪತ್ರವ್ಯವಹಾರವಾಗಿ ಮುಂದುವರಿಯಿತು.

ಎರಡನೇ ದಿನ ಶಿರಾಕ್ಕೆ ಹೋದೆವು. ಮೊಗಲರ ಕಾಲದಲ್ಲಿ ಒಂದು ಸುಬಾದ ರಾಜಧಾನಿಯಾಗಿದ್ದ ಊರು, ಕೋಟೆ ಇದೆ, 1696ರ ಜುಮ್ಮಾ ಮಸೀದಿ ಇದೆ. ಮಕ್ಕಳಿಗೆ ತೋರಿಸಿದೆ. ಆದರೆ ನನ್ನ ಮನಸ್ಸಿದ್ದದ್ದು ಮದಲೂರು ಕೆರೆಯ ಮೇಲೆ. ಹೇಮಾವತಿ ನೀರು ಕಳ್ಳಂಬೆಳ್ಳ ಕೆರೆಗೆ ಬಂದು, ಅಲ್ಲಿಂದ ಶಿರಾ ದೊಡ್ಡಕೆರೆಗೆ ಬಂದು, ಅದು ತುಂಬಿ ಉಳಿದರೆ ಮದಲೂರಿಗೆ. ಒಟ್ಟು ಕುಟುಂಬದಲ್ಲಿ ಕೊನೆ ಸೊಸೆಗೆ ಸಾರು ಉಳಿದಂತೆ. 2020ರ ನವೆಂಬರಿನಲ್ಲಿ ಶಿರಾ ಉಪಚುನಾವಣೆ ಬಂತು ನೋಡಿ, ಕೊನೆ ಸೊಸೆ ಪಟ್ಟದ ರಾಣಿಯಾದಳು. ರಾಜ್ಯದ ಮುಖ್ಯಮಂತ್ರಿಯೇ ಬಂದು ಆರು ತಿಂಗಳಲ್ಲಿ ಮದಲೂರು ಕೆರೆ ತುಂಬಿಸುವ ಮಾತು ಕೊಟ್ಟರು. ಚುನಾವಣೆ ಮುಗಿದ ಮೇಲೆ ನೀರು ಹರಿದದ್ದೂ ನಿಜ, ಸುಳ್ಳು ಹೇಳಬಾರದು. ಆಮೇಲೆ ನಮ್ಮ ಜನ ಕಂಡುಕೊಂಡ ನೀರಾವರಿ ಸೂತ್ರ ಯಾವ ಎಂಜಿನಿಯರಿಂಗ್ ಪುಸ್ತಕದಲ್ಲೂ ಇಲ್ಲ: ಕೆರೆ ತುಂಬಬೇಕಾದರೆ ಸೀಟು ಖಾಲಿಯಾಗಬೇಕು.

ನಿಧಿ ಹುಡುಕುವ ಆಟವನ್ನು ಮಕ್ಕಳು ಕಣ್ಣಾರೆ ನೋಡಿದ್ದು ಅದೇ ದಿನ ವಾಪಸ್ಸು ಬರುವಾಗ. ದಾರಿಬದಿಯ ಹೊಲದಲ್ಲಿ ಒಬ್ಬರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು, ಬಸ್ಸಿನಲ್ಲಿ ಸೀಟಿಲ್ಲದವರಂತೆ ಅತ್ತಿತ್ತ ವಾಲುತ್ತ ನಡೆಯುತ್ತಿದ್ದರು. ಹಿಂದೆ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು. ಕಾಯಿ ನೆಟ್ಟಗೆ ನಿಂತಿತು. ಅಲ್ಲೊಂದು ಕಲ್ಲಿಟ್ಟು ಅರಿಶಿನ ಕುಂಕುಮ ಹಾಕಿದರು. ಅದು 'ಪಾಯಿಂಟ್'. ರಾತ್ರಿ ರಿಗ್ ಲಾರಿ ಬರುತ್ತದೆ, ಊರೆಲ್ಲ ಗುಡುಗುಟ್ಟುತ್ತದೆ, ಬೆಳಗಿನ ಜಾವಕ್ಕೆ ಹೊಲದ ತುಂಬ ಬಿಳಿ ಹಿಟ್ಟಿನಂಥ ಕಲ್ಲುಧೂಳು. "ಅಂಕಲ್ ತುಂಬಾ ಚೆನ್ನಾಗಿ ಬ್ಯಾಲೆನ್ಸ್ ಮಾಡ್ತಾರೆ" ಎಂದಳು ಪುಟ್ಟಿ. ಹೌದು, ಸೊಸೈಟಿ ಸಾಲ ಒಂದು ಕೈಯಲ್ಲಿ, ತೆಂಗಿನಕಾಯಿ ಒಂದು ಕೈಯಲ್ಲಿ.

ಹೋದ ಸಲ ನಮ್ಮ ಪಕ್ಕದ ಹೊಲದವರು ಕೊರೆಸಿದಾಗ ಸಾವಿರ ಅಡಿಗೂ ಧೂಳೇ ಬಂತು. "ಇನ್ನೊಂದು ಐವತ್ತು ಅಡಿ ಹೋಗೋಣ್ವಾ?" ಎಂದು ರಿಗ್ಗಿನವನು ಕೇಳಿದ ಧ್ವನಿಯಲ್ಲಿ, ಆಟ ನಿಲ್ಲಿಸಬೇಡಿ ಎಂದು ಮಗುವನ್ನು ಪುಸಲಾಯಿಸುವ ಅದೇ ಮಮತೆಯಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ನಾನು ತಮ್ಮನ ಮಗಳಿಗೆ ಡೂಗಲ್ ರಾಬರ್ಟ್‌ಸನ್ ಕತೆ ಹೇಳಿದೆ. ಅವನು ಇಂಗ್ಲೆಂಡಿನಲ್ಲಿ ಹಸು ಕಟ್ಟಿಕೊಂಡಿದ್ದ ರೈತ. ಇದ್ದದ್ದನ್ನು ಮಾರಿ ಹಾಯಿದೋಣಿ ಕೊಂಡು ಹೆಂಡತಿ ಮಕ್ಕಳೊಂದಿಗೆ ಹೊರಟ. 1972ರ ಜೂನ್‌ನಲ್ಲಿ ಗಲಾಪಗೋಸ್ ದಾಟಿದ ಮೇಲೆ ಕೊಲೆಗಾರ ತಿಮಿಂಗಿಲಗಳು ಗುದ್ದಿ ದೋಣಿ ಮುಳುಗಿತು. ಅವಳಿ ಗಂಡುಮಕ್ಕಳೂ ಸೇರಿ ಆರು ಜನ, 38 ದಿನ, ಆಮೆ ಹಿಡಿದು ತಿಂದು, ಮಳೆನೀರು ಹಿಡಿದು ಕುಡಿದು, ಕೊನೆಗೆ ಜಪಾನಿನ ಮೀನುಗಾರರ ಕಣ್ಣಿಗೆ ಬಿದ್ದರು. ಆ ಮಕ್ಕಳಿಗೆ ಬೋರ್ ಆಯಿತೆಂದು ಯಾರೂ ಬರೆದಂತಿಲ್ಲ.

"ಊಟದ ಹೊತ್ತಲ್ಲಿ ಇಂಥದ್ದೇ ಹೇಳಿ" ಎಂದಳು ನಮ್ಮನೆಯಾಕೆ. ಐದು ವರ್ಷದವನು ಮಾತ್ರ ಮುದ್ದೆ ನುಂಗುವುದನ್ನು ಬಿಟ್ಟು, ಸುತ್ತಲೂ ನೀರಿದ್ದರೂ ಮಳೆನೀರು ಯಾಕೆ ಹಿಡಿಯಬೇಕಿತ್ತು ಎಂದು ಕೇಳಿದ. ಉಪ್ಪುನೀರು ಕುಡಿಯಲಾಗುವುದಿಲ್ಲ ಕಣಪ್ಪ ಎಂದೆ. ಪಾವಗಡದಲ್ಲೂ ಹಾಗೇ, ಬೋರಿನಲ್ಲಿ ನೀರು ಸಿಕ್ಕರೂ ಅದರಲ್ಲಿ ಫ್ಲೋರೈಡ್, ಕುಡಿದರೆ ಹಲ್ಲು ಹಳದಿ, ಮೂಳೆ ಡೊಂಕು. ಅದಕ್ಕೇ ತುಂಗಭದ್ರೆಯಿಂದ ಅಷ್ಟು ದೂರ ಪೈಪು ಎಳೆದದ್ದು. ಅವನು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಪಾವಗಡ ಸಮುದ್ರಾನೇ" ಎಂದು ತೀರ್ಪು ಕೊಟ್ಟ.

ನಾಲ್ಕೂ ತಾಲ್ಲೂಕು ಯಾವಾಗಲೂ ಒಣಗಿದ್ದವು ಎಂದು ಬರೆದರೆ ಅಪಚಾರವಾಗುತ್ತದೆ. 2022ರಲ್ಲಿ ಸುರಿಯಿತಲ್ಲ! ಜಯಮಂಗಲಿ ಉಕ್ಕಿದಳು, ಸುವರ್ಣಮುಖಿ ಉಕ್ಕಿದಳು, ವರ್ಷಾನುಗಟ್ಟಲೆ ಜಾಲಿ ಬೆಳೆದಿದ್ದ ಕೆರೆಗಳು ಕೋಡಿ ಬಿದ್ದವು. ಜನ ಕುಟುಂಬ ಸಮೇತ ಕೋಡಿ ನೋಡಲು ಹೊರಟರು. ಚುರುಮುರಿ ಗಾಡಿ ಬಂತು, ಬಲೂನಿನವನು ಬಂದ. ನಮ್ಮ ಜೀವಮಾನದಲ್ಲಿ ಮಕ್ಕಳನ್ನು ರಂಜಿಸಲು ಯಾರೂ ಏನೂ ಮಾಡಬೇಕಾಗದೆ ಹೋದ ಮಳೆಗಾಲ ಅದೊಂದೇ. ಬಾಗಿನ ಕೊಡಲು ಮಾತ್ರ ಎಲ್ಲ ಪಕ್ಷದವರೂ ಸೀರೆ ಹಿಡಿದು ಬಂದರು. ಮಳೆಗೆ ಯಾರ ಅನುದಾನವೆಂದು ಆಗ ಸಣ್ಣ ವಿವಾದವೂ ಆಯಿತು.

ಶನಿವಾರ. ಪಾವಗಡದಲ್ಲಿ ಶನಿಮಹಾತ್ಮನ ದರ್ಶನಕ್ಕೆ ಮೂರು ಗಂಟೆ ಸಾಲು. ಅಟ್ಲಾಂಟಿಕ್ ದಾಟುವವರು ಈ ಸಾಲು ದಾಟಿದರೆ ಸಾಕು, ಮುಂದಿನದು ಸಲೀಸು. ಎಣ್ಣೆ ಜಿಡ್ಡಿನ ನೆಲದ ಮೇಲೆ ಜಾರುತ್ತ ಚಿಕ್ಕವನು ಹದಿನೇಳು ಸಲ ಕೇಳಿದ, "ಇನ್ನೆಷ್ಟು ದೂರ ಸಮುದ್ರ?" ನಾನು ಹದಿನೇಳು ಸಲವೂ ಅನುಭವಸ್ಥನಂತೆ "ಬಂತು ಕಣಪ್ಪ, ಬಂತು" ಎಂದೆ. ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ ಆ ಮಾತು! ಕೆಳಗಿನ ಮನೆಯಲ್ಲೂ ಮೇಲಿನ ಮನೆಯಲ್ಲೂ ಕೂತವರ ಮೇಲೆ ನನಗೆ ಮೊದಲ ಬಾರಿಗೆ ಸ್ವಲ್ಪ ಸಹಾನುಭೂತಿ ಹುಟ್ಟಿತು.

ತಿರುಮಣಿ ಕಡೆಗೆ ಕಾರು ತಿರುಗಿತು. ಒಂದು ಏರು ಹತ್ತಿ ಇಳಿಯುವಾಗ ದೊಡ್ಡವಳು ಕಿರುಚಿಯೇಬಿಟ್ಟಳು. ದಿಗಂತದವರೆಗೆ ನೀಲಿ. ಅಲೆ ಅಲೆಯಾಗಿ, ಬಿಸಿಲಿಗೆ ಫಳಫಳ ಹೊಳೆಯುತ್ತ ನೀಲಿ. ಬಳಸಮುದ್ರ ಎಂದು ಹೆಸರಿಟ್ಟ ಪುಣ್ಯಾತ್ಮರು ಕಾಲಜ್ಞಾನಿಗಳಿರಬೇಕು. ವಳ್ಳೂರು, ರಾಯಚರ್ಲು, ಕ್ಯಾತಗಾನಚರ್ಲು, ತಿರುಮಣಿ, ಬಳಸಮುದ್ರ, ಐದು ಹಳ್ಳಿಗಳ 13,000 ಎಕರೆ ಈಗ ಗಾಜು. 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್. ಬಿಸಿಲು ಬಿಟ್ಟು ಬೇರೇನೂ ಬೆಳೆಯದ ನೆಲಕ್ಕೆ ಕೊನೆಗೂ ಬಿಸಿಲನ್ನೇ ಬೆಳೆ ಎಂದು ಒಪ್ಪಿ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಶುರು ಮಾಡಿದರು. ಜಮೀನಿದ್ದವರು ಕಟ್ಟೆ ಮೇಲೆ ಕೂತು ಬ್ಯಾಂಕ್ ಮೆಸೇಜು ನೋಡುತ್ತಾರೆ. ಜಮೀನಿಲ್ಲದೆ ಕೂಲಿಗೆ ಹೋಗುತ್ತಿದ್ದವರು, ಕುರಿ ಮೇಯಿಸುತ್ತಿದ್ದವರು ಬೇಲಿಯ ಈಚೆ ನಿಂತು ಸಮುದ್ರ ನೋಡುತ್ತಾರೆ. ಈ ಸಮುದ್ರಕ್ಕೆ ತಂತಿಬೇಲಿ ಇದೆ, ವಾಚ್‌ಮನ್ ಇದ್ದಾನೆ.

ಚಿಕ್ಕವನು ಲೈಫ್ ಜಾಕೆಟ್ಟಿನ ಲಾಡಿ ಬಿಗಿದುಕೊಂಡು ಕೆಳಗಿಳಿದ. ಬೇಲಿಯವರೆಗೆ ಓಡಿ ನಿಂತ. ಒಳಗೆ ಸ್ವಲ್ಪ ದೂರದಲ್ಲಿ ಒಂದು ಟ್ರ್ಯಾಕ್ಟರ್ ಟ್ಯಾಂಕರ್ ನಿಂತಿತ್ತು. ಇಬ್ಬರು ಹೆಂಗಸರು ತಲೆಗೆ ಟವೆಲ್ ಸುತ್ತಿಕೊಂಡು, ಪೈಪು ಹಿಡಿದು ಸಾಲು ಸಾಲು ಗಾಜಿನ ಹಲಗೆಗಳ ಧೂಳು ತೊಳೆಯುತ್ತಿದ್ದರು. ನೀರು ಹಲಗೆಯ ಮೇಲೆ ಜಾರಿ, ಮಿಂಚಿ, ನೆಲ ಮುಟ್ಟುವ ಮೊದಲೇ ಆರಿಹೋಗುತ್ತಿತ್ತು.

ಅವನು ನಮ್ಮ ಕಡೆ ತಿರುಗಿ, ಮೂರು ದಿನದಲ್ಲಿ ಮೊದಲ ಸಲ ನಿಜವಾಗಿ ಖುಷಿಯಿಂದ ಕೂಗಿದ:

"ತಾತ, ಸಮುದ್ರಕ್ಕೆ ನೀರು ಹಾಕ್ತಿದಾರೆ!"