ಹದಿನೈದು ನಿಮಿಷದ ಸಾಹೇಬರು

ಅವರ ನೌಕರಿ ಲಿಂಗಸುಗೂರಿನಲ್ಲಿ, ಮನೆ ಮಸ್ಕಿಯಲ್ಲಿ, ನಾಲಿಗೆ ಸಿಂಧನೂರಿನಲ್ಲಿ. ಮೂರೂ ಒಂದೇ ರಸ್ತೆಯ ಮೇಲಿನ ಊರುಗಳು, ಒಂದರಿಂದ ಇನ್ನೊಂದಕ್ಕೆ ಮೂವತ್ತು ಕಿಲೋಮೀಟರಿನ ಆಚೀಚೆ. ಹಾಗಾಗಿ ಸಾಹೇಬರಿಗೆ ಇದರಿಂದ ತ್ರಾಸೇನಿಲ್ಲ. ತ್ರಾಸು ಏನಿದ್ದರೂ ನಡುವಿನ ಊರಿನಲ್ಲಿ ಅವರ ಜೊತೆ ಬಾಳುವೆ ಮಾಡುವವರದು.

ಹೆಸರು ಬೇಡ. ಇಂಥವರು ನಿಮ್ಮ ಓಣಿಯಲ್ಲೂ ಒಬ್ಬರಿದ್ದಾರೆ, ಹೆಸರು ನೀವೇ ಹಾಕಿಕೊಳ್ಳಿ. ನಮ್ಮ ಓಣಿಯಲ್ಲಿ ಅವರಿಗೆ ಹದಿನೈದು ನಿಮಿಷದ ಸಾಹೇಬರು ಅನ್ನುತ್ತೇವೆ. ಎದುರಿಗೆ ಬರೀ 'ಸಾಹೇಬ್ರ'. ಉಳಿದದ್ದು ಅವರು ಮೂಲೆ ತಿರುಗಿದ ಮೇಲೆ. ನಲ್ಲಿ ಸೋರಲಿ, ಪಹಣಿಯಲ್ಲಿ ಅಜ್ಜನ ಹೆಸರು ತಪ್ಪಿರಲಿ, ತಂಗಿಗೆ ವರ ನೋಡುವುದಿರಲಿ, ಸಾಹೇಬರದು ಒಂದೇ ಮಾತು: "ಅದರಾಗೇನೈತ್ರಿ, ಹದಿನೈದು ನಿಮಿಷದ ಕೆಲಸ." ಆ ಹದಿನೈದು ನಿಮಿಷವನ್ನು ಯಾವಾಗಿನಿಂದ ಎಣಿಸಬೇಕು, ಯಾರ ಗಡಿಯಾರದಲ್ಲಿ ಎಣಿಸಬೇಕು ಎಂದು ಅವರು ಹೇಳುವುದಿಲ್ಲ. ನಾವೂ ಕೇಳಿಲ್ಲ, ಹಿರಿಯ ನೌಕರರು.

ಇಂಥವರು ಅಡಿಗೆಮನೆಗೆ ಬಂದದ್ದು ಮೊಬೈಲಿನ ದಾರಿ ಹಿಡಿದು. ಮೊದಲು ಒಂದು ನಿಮಿಷದ ಆಮ್ಲೆಟ್, ಆಮೇಲೆ ಐದು ನಿಮಿಷದ ಪಾಸ್ತಾ. ಒಂದು ರಾತ್ರಿ ಬೆರಳು ಜಾರಿಸುತ್ತ ಕುಳಿತಾಗ ಯಾವಳೋ ಪರದೇಶದ ಹೆಣ್ಣುಮಗಳು ನಗುನಗುತ್ತ ಸಿಗಡಿ ಫಹೀತಾ ಮಾಡಿ ತೋರಿಸಿದಳು. ಅವಳ ಅಡಿಗೆಮನೆಯಲ್ಲಿ ಸಿಗಡಿ ಸುಲಿದೇ ಇತ್ತು. ಉಳ್ಳಾಗಡ್ಡಿ ಹೆಚ್ಚಿಯೇ ಇತ್ತು. ಡಬ್ಬು ಮೆಣಸಿನಕಾಯಿ ಕೆಂಪು, ಹಳದಿ, ಹಸಿರು ಮೂರು ಬಣ್ಣದಲ್ಲಿ ಮೂರು ಗಾಜಿನ ಬಟ್ಟಲಲ್ಲಿ ಕಾಯುತ್ತಿತ್ತು. ಕಾದ ಕಬ್ಬಿಣದ ಮೇಲೆ ಎಲ್ಲವನ್ನೂ ಚುರ್ರೆನ್ನಿಸಿ, ರೊಟ್ಟಿಯಲ್ಲಿ ಸುತ್ತಿ, ಕಚ್ಚಿ, ಕಣ್ಣು ಮುಚ್ಚಿದಳು. ವಾರದ ಯಾವ ರಾತ್ರಿಗಾದರೂ ಸೈ, ಹದಿನೈದು ನಿಮಿಷ ಸಾಕು ಅಂದಳು. ತಮ್ಮ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ ಸಾಹೇಬರಿಗೆ ಆ ರಾತ್ರಿ ನಿದ್ದೆ ಬರಲಿಲ್ಲವಂತೆ.

ವಾರದ ಯಾವ ರಾತ್ರಿಗಾದರೂ ಅಂದಳಲ್ಲ, ಆಕೆಗೇನು ಗೊತ್ತು? ಸೋಮವಾರ ನಮ್ಮ ಗುಡ್ಡದ ಮಲ್ಲಿಕಾರ್ಜುನನದು. ಮಂಗಳವಾರ ಹುಲಿಗೆಮ್ಮನದು. ಗುರುವಾರ ಮಂತ್ರಾಲಯದ ರಾಯರದು, ಅದು ಸಾಹೇಬರ ಹೆಂಡತಿ ತವರಿನಿಂದ ತಂದ ನೇಮ. ಶುಕ್ರವಾರ ಲಕ್ಷ್ಮಿ, ಶನಿವಾರ ಹನುಮಪ್ಪ. ಭಾನುವಾರ ಮಟನ್ನಿನದು, ಅದನ್ನು ತಪ್ಪಿಸಿದರೂ ದೋಷ ತಟ್ಟುತ್ತದೆ. ಉಳಿದದ್ದು ಬುಧವಾರ ಒಂದೇ. ಆ ಬುಧವಾರ ಅಮಾವಾಸ್ಯೆ, ಏಕಾದಶಿ ಇರಬಾರದು, ಶ್ರಾವಣ ಇರಲೇಬಾರದು. ಶಾಬಾದಿಮಠದ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಹೇಳುವ ಅಧಿಕಾರ ಮನೆಯಲ್ಲಿ ಅವ್ವನಿಗೆ ಮಾತ್ರ. ಸಾಹೇಬರು ಆ ಕ್ಯಾಲೆಂಡರನ್ನು ಅಲ್ಲಿಯವರೆಗೆ ಗ್ಯಾಸ್ ಬುಕ್ ಮಾಡಿದ ತಾರೀಕು ಬರೆಯಲಷ್ಟೇ ಬಳಸಿದವರು.

"ಏನು ಮಾಡ್ತೀಯಪಾ ಅವತ್ತು?" ಎಂದು ಅವ್ವ ಕೇಳಿದಳು.

"ಫಹೀತಾ, ಯವ್ವಾ."

"ಆಗ್ಲೇಳು. ಆ ಫಜೀತಿ ಎಂಟರೊಳಗ ಮುಗಿಸು. ನಂಗ ಮಲಗಬೇಕು."

ಇನ್ನು ಸಿಗಡಿಯ ಮಾತು. ನಮ್ಮ ಮಸ್ಕಿಯಲ್ಲಿ ಮಟನ್ ಸಿಗುತ್ತದೆ, ಕೋಳಿ ಸಿಗುತ್ತದೆ, ಬಂಡೆ ಹುಡುಕಿಕೊಂಡು ಹೋದರೆ ಅಶೋಕ ಚಕ್ರವರ್ತಿಯೂ ಸಿಗುತ್ತಾನೆ. ಸಿಗಡಿ ಬೇಕೆಂದರೆ ಸಿಂಧನೂರಿನ ಕಡೆ ಮುಖ ಮಾಡಬೇಕು. ಸಮುದ್ರದಿಂದ ಇಷ್ಟು ದೂರದ ಬಿಸಿಲೂರಿಗೆ ಆ ರುಚಿ ಬಂದದ್ದು ಕಾಲುವೆಯ ಬೆನ್ನು ಹತ್ತಿ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಆಯಿತು, ಎಡದಂಡೆ ಕಾಲುವೆಯಲ್ಲಿ ನೀರು ಹರಿಯಿತು, ಆಂಧ್ರದ ಕರಾವಳಿ ಕಡೆಯ ರೈತರು ಬಂದು ಕ್ಯಾಂಪು ಹಾಕಿ ಭತ್ತ ನಾಟಿದರು. ಎಪ್ಪತ್ತರ ದಶಕದಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರಕಾರ ಇದೇ ತಾಲೂಕಿನಲ್ಲಿ ನೆಲೆ ಕೊಟ್ಟಿತು. ಆರ್.ಎಚ್. ಕ್ಯಾಂಪುಗಳೆಂದರೆ ಅವೇ. ಒಂದು ಕ್ಯಾಂಪಿನಲ್ಲಿ ಸಿಗಡಿಗೆ ರೊಯ್ಯಲು ಎಂದು ಹುಳಿ ಕುದಿಸುತ್ತಾರೆ, ಇನ್ನೊಂದರಲ್ಲಿ ಅದಕ್ಕೇ ಚಿಂಗ್ಡಿ ಎಂದು ಸಾಸಿವೆ ಅರೆಯುತ್ತಾರೆ. ಇವರಿಬ್ಬರ ಪುಣ್ಯದಿಂದ ಜ್ವಾಳದ ಸೀಮೆಯ ಮಂದಿಗೂ ಮೀನು ಮಾರುವವರ ಮುಂದೆ ನಿಂತು ಚೌಕಾಸಿ ಮಾಡುವ ಧೈರ್ಯ ಬಂದಿದೆ.

ಸಾಹೇಬರು ಲಿಂಗಸುಗೂರಿನ ಫ್ಯಾನಿನ ಕೆಳಗೆ ಕುಳಿತು, ಸಿಂಧನೂರಿನಲ್ಲಿ ಓದುತ್ತಿರುವ ಅಕ್ಕನ ಮಗನಿಗೆ ಫೋನು ಹಚ್ಚಿದರು.

"ಲೇ ತಮ್ಮಾ, ಒಂದ್ ಕಿಲೋ ಸಿಗಡಿ ತಗೊಂಡು ಸಂಜಿ ಬಸ್ಸಿಗೆ ಬಾ."

"ಮಾವ, ನಾಳೆ ಪರೀಕ್ಷಾ ಐತಿ."

"ಅದರಾಗೇನೈತಿ, ಹದಿನೈದು ನಿಮಿಷದ ಕೆಲಸ."

ಹುಡುಗ ಥರ್ಮಾಕೋಲ್ ಡಬ್ಬಿಯಲ್ಲಿ ಐಸು ತುಂಬಿಸಿ, ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಕುಳಿತ. ಪಕ್ಕದ ಸೀಟಿನ ಅಜ್ಜ "ಏನಪಾ, ದನದ ಇಂಜೆಕ್ಷನ್ನೇನು?" ಅಂದ. ಹುಡುಗ ಹೌದೆಂದ. ಮಸ್ಕಿ ಬರುವ ತನಕ ಅಜ್ಜ ತನ್ನ ಎಮ್ಮೆಯ ಕೆಚ್ಚಲ ಬಾವಿನ ಕಥೆ ಹೇಳಿದ, ಹುಡುಗ ಔಷಧಿಯನ್ನೂ ಹೇಳಿದನಂತೆ. ಅವನು ಓದುತ್ತಿರುವುದು ಬಿ.ಕಾಂ.

ಡಬ್ಬಿ ತೆರೆದಾಗ ಅವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಮೀಸೆ ಇದ್ದ ಆಹಾರವನ್ನು ಆಕೆ ಈ ಮೊದಲು ಕಂಡಿರಲಿಲ್ಲ. "ಎಪ್ಪಾ, ಇದು ಹುಳ ಐತಿ." ಸಾಹೇಬರು ಅದರ ಪ್ರೋಟೀನು ವಿವರಿಸಿದರು. ವಿವರಿಸುತ್ತಲೇ ಕೈಕಾಲು ತೊಳೆಯಲು ಬಚ್ಚಲಿಗೆ ಹೋದರು. ಸುಲಿಯಲು ಕುಳಿತದ್ದು ಹೆಂಡತಿ ಮತ್ತು ಬಿ.ಕಾಂ. ತಲೆ ಮುರಿಯಬೇಕು, ಚಿಪ್ಪು ಬಿಡಿಸಬೇಕು, ಬೆನ್ನು ಸೀಳಿ ಕರಿಯ ನರ ಎಳೆಯಬೇಕು. ಲಿಂಗಸುಗೂರು ತಾಲೂಕಿನ ಹಟ್ಟಿ ಗಣಿಯಲ್ಲಿ ಟನ್ನುಗಟ್ಟಲೆ ಕಲ್ಲು ಅರೆದು ಚಿಟಿಕೆ ಬಂಗಾರ ತೆಗೆಯುತ್ತಾರಲ್ಲ, ಅದೇ ಬಗೆಯ ಲೆಕ್ಕ: ಕಿಲೋ ಸಿಗಡಿ ಸುಲಿದಾಗ ಬಟ್ಟಲಲ್ಲಿ ಉಳಿದದ್ದು ಅರ್ಧದ ಹತ್ತಿರ, ಓಣಿಯ ಬೆಕ್ಕುಗಳಿಗೆ ಸೇರಿದ್ದು ಇನ್ನರ್ಧ. ಸಾಹೇಬರ ಗಡಿಯಾರ ಇನ್ನೂ ಶುರುವಾಗಿರಲಿಲ್ಲ.

ನನ್ನನ್ನು ರುಚಿ ನೋಡಲು ಕರೆದಿದ್ದರು. ಇಂಥವರಿಗೆ ಊಟದವರಿಗಿಂತ ಸಾಕ್ಷಿದಾರರು ಮುಖ್ಯ. ಅಡಿಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು, ಹೆಂಡತಿ ಉಳ್ಳಾಗಡ್ಡಿ ಉದ್ದುದ್ದ ಹೆಚ್ಚುವುದನ್ನು ನೋಡುತ್ತ ಸಾಹೇಬರು ನನಗೆ ಫಹೀತಾದ ಚರಿತ್ರೆ ಹೇಳಿದರು. ಟೆಕ್ಸಾಸು, ಮೆಕ್ಸಿಕೋ ಗಡಿಯಲ್ಲಿ ದನ ಕಾಯುವವರಿಗೆ ಕೂಲಿಯ ಜೊತೆ ಯಾರಿಗೂ ಬೇಡವಾದ ಮಾಂಸದ ತುಂಡು ಕೊಡುತ್ತಿದ್ದರು, ಅವರು ಅದನ್ನು ಕೆಂಡದ ಮೇಲೆ ಸುಟ್ಟು ರೊಟ್ಟಿಯಲ್ಲಿ ಸುತ್ತಿ ತಿನ್ನುತ್ತಿದ್ದರು. 1969ರಲ್ಲಿ ಟೆಕ್ಸಾಸಿನ ಕೈಲ್ ಎಂಬ ಊರಲ್ಲಿ ಸನ್ನಿ ಫಾಲ್ಕನ್ ಎಂಬವನು ಅದನ್ನು ಅಂಗಡಿ ಹಾಕಿ ಮಾರಿದ. 1982ರಲ್ಲಿ ಆಸ್ಟಿನ್ನಿನ ಹಯಾತ್ ಹೋಟೆಲು ಅದನ್ನು ಹೊಗೆಯಾಡುವ ಕಬ್ಬಿಣದ ತಟ್ಟೆಗೇರಿಸಿತು. ಸಿಗಡಿ, ಕೋಳಿ ಎಲ್ಲ ಆಮೇಲೆ ಸೇರಿಕೊಂಡವು.

"ರೀ," ಎಂದರು ಹೆಂಡತಿ, ಕಣ್ಣೀರು ಒರೆಸಿಕೊಳ್ಳುತ್ತ. "ಆ ದನ ಕಾಯೋರ ಮನ್ಯಾಗ ಉಳ್ಳಾಗಡ್ಡಿ ಯಾರು ಹೆಚ್ಚತಿದ್ರು?"

ಅದು ವಿಡಿಯೋದಲ್ಲಿ ಇರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಮಾಸ್ತರರು ಪೇಪರ್ ಇಸಿದುಕೊಳ್ಳಲು ಬಂದರು. ಮಸ್ಕಿಯ ಮಾಸ್ತರರೆಂದರೆ ಅಶೋಕ ಬರದೆ ಮಾತು ಮುಗಿಯುವುದಿಲ್ಲ. ಬಂಗಾರದ ಗಣಿ ಕೆಲಸದ ಬೀಡನ್ ಎಂಬ ಇಂಜಿನಿಯರ್ 1915ರಲ್ಲಿ ಇಲ್ಲಿಯ ಬಂಡೆಯ ಮೇಲೆ ಆ ಹೆಸರನ್ನು ಕಂಡದ್ದು ನಮ್ಮೂರಿನ ಆಸ್ತಿ, ಅದನ್ನು ಎಲ್ಲಿ ಬೇಕಾದರೂ ಖರ್ಚು ಮಾಡಬಹುದು. ಬಟ್ಟಲಿನಲ್ಲಿದ್ದ ಸಿಗಡಿ ನೋಡಿ ಮಾಸ್ತರರು ಗಂಟಲು ಸರಿಮಾಡಿಕೊಂಡರು: "ಗಿರ್ನಾರದ ಶಾಸನದಾಗ ಅಶೋಕ ಹೇಳ್ಯಾನ. ಮೊದಲ ಅವನ ಅಡಿಗಿಮನಿಗೆ ದಿನಾ ಲಕ್ಷಗಟ್ಟಲೆ ಪ್ರಾಣಿ ಬೀಳ್ತಿದ್ವು. ಆಮ್ಯಾಲ ಎರಡು ನವಿಲು, ಒಂದು ಜಿಂಕಿಗೆ ಇಳಿಸಿದ. ಆ ಜಿಂಕಿನೂ ದಿನಾ ಇಲ್ಲ." ನಂತರ ಬಟ್ಟಲನ್ನು ಇನ್ನೊಮ್ಮೆ ನೋಡಿ, "ಇವು ಎಷ್ಟದಾವ?" ಎಂದು ಕೇಳಿದರು. ಸಾಹೇಬರಿಗೆ ಅಹಿಂಸೆಯ ಪ್ರಶ್ನೆ ಎನ್ನಿಸಿತು. ನನಗೆ ಮಾಸ್ತರರು ಊಟಕ್ಕೆ ಉಳಿಯುವ ಲೆಕ್ಕ ಹಾಕುತ್ತಿದ್ದಾರೆ ಎನ್ನಿಸಿತು. ಅವರು ಉಳಿದರು.

ಗೋಧಿ ರೊಟ್ಟಿಯೋ ಮೈದಾ ರೊಟ್ಟಿಯೋ ಎಂಬ ಸಾಹೇಬರ ಚರ್ಚೆಯನ್ನು ಅವ್ವ ಕೇಳಿಸಿಕೊಳ್ಳಲೇ ಇಲ್ಲ. ಜ್ವಾಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ ಬಡಿಯಲು ಕೂತುಬಿಟ್ಟಳು. ಈಗ ಹುಟ್ಟಿತು ನಿಜವಾದ ಸಮಸ್ಯೆ. ಮನೆಯಲ್ಲಿ ದಪ್ಪ ಕಬ್ಬಿಣದ್ದೆಂದರೆ ಅವ್ವನ ರೊಟ್ಟಿ ಹಂಚು ಒಂದೇ, ಫಹೀತಾಕ್ಕೆ ಬೇಕಾದದ್ದೂ ಅದೇ. "ನಮ್ಮತ್ತಿ ಕಾಲದ ಹಂಚಿನ ಮ್ಯಾಲ ಹುಳ ಹಾಕ್ತೀಯಾ? ನಾ ಸತ್ತ ಮ್ಯಾಲ ಹಾಕು." ಮಾಳಿಗೆ ಮೇಲೆ ಗುರೆಳ್ಳು ಹುರಿಯುತ್ತಿದ್ದ ಹಳೆಯ ಹಂಚೊಂದು ಬಿದ್ದಿತ್ತು. ಬಿ.ಕಾಂ ಅದನ್ನು ಇಳಿಸಿದ, ಹೆಂಡತಿ ತುಕ್ಕು ತಿಕ್ಕಿದರು. ಸಾಹೇಬರು ಈ ನಡುವೆ ಸುಮ್ಮನೆ ಕೂಡಬಾರದೆಂದು ಸಿಗಡಿಗೆ ಗುಂಟೂರು ಖಾರ, ಜೀರಿಗೆ ಪುಡಿ, ಬೆಳ್ಳುಳ್ಳಿ, ಉಪ್ಪು ಹಚ್ಚಿ, ಅದರ ಮೇಲೆ ಎರಡು ಲಿಂಬಿಹಣ್ಣು ಪೂರ್ತಿ ಹಿಂಡಿದರು.

ಇಲ್ಲಿ ಒಂದು ಮಾತು. ಲಿಂಬಿಯ ಹುಳಿಯಲ್ಲಿ ಬಹಳ ಹೊತ್ತು ಬಿಟ್ಟರೆ ಸಿಗಡಿ ಒಲೆ ಕಾಣುವ ಮೊದಲೇ ಬೆಳ್ಳಗಾಗಿ ಬಿಗಿಯುತ್ತದೆ, ಆಮೇಲೆ ಕಾಯಿಸಿದರೆ ರಬ್ಬರು. ಹುಳಿಯನ್ನು ಇಳಿಸಿದ ಮೇಲೆ ಹಿಂಡುವುದು ಚಲೋ. ಇದನ್ನು ಆ ಪರದೇಶದ ಹೆಣ್ಣುಮಗಳು ವಿಡಿಯೋದ ಕೊನೆಗೆ ಹೇಳಿದ್ದಳು. ಆದರೆ ಹದಿನೈದು ನಿಮಿಷದವರು ಯಾವುದನ್ನೂ ಕೊನೆಯವರೆಗೆ ನೋಡುವುದಿಲ್ಲ. ಅವರ ಹೆಂಡಂದಿರು ನೋಡಿರುತ್ತಾರೆ. ಇವರ ಹೆಂಡತಿ ಅರ್ಧ ಸಿಗಡಿಯನ್ನು ಹುಳಿ ಮುಟ್ಟಿಸದೆ ಬೇರೆ ತಾಟಿನಲ್ಲಿ ಎತ್ತಿ, ಬಟ್ಟೆಯಿಂದ ನೀರು ಒತ್ತಿ ಇಟ್ಟಿದ್ದರು. ಯಾರಿಗೂ ಹೇಳಿರಲಿಲ್ಲ.

ಎಲ್ಲ ಸಿದ್ಧವಾಯಿತು. ಅವ್ವ ಮಲಗುವ ಎಂಟು ಗಂಟೆ ಯಾವಾಗಲೋ ಆಗಿಹೋಗಿತ್ತು. ಸಾಹೇಬರು ಎದ್ದು ತೋಳು ಮಡಚಿ, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿದರು.

ಹಂಚು ಹೊಗೆ ಬಿಡುವಷ್ಟು ಕಾಯಿತು. ಉಳ್ಳಾಗಡ್ಡಿ, ಡಬ್ಬು ಮೆಣಸಿನಕಾಯಿ ಬಿದ್ದು ಅಂಚು ಕಪ್ಪಾದವು. ನಮ್ಮೂರಲ್ಲಿ ಹಸಿರು ಮಾತ್ರ ಸಿಕ್ಕಿದ್ದರಿಂದ ಕೆಂಪಿಗೆ ಟೊಮೆಟೊ ಬಂದಿತ್ತು. ಅದನ್ನು ತೆಗೆದು ಸಾಹೇಬರು ತಮ್ಮ ಸಿಗಡಿಯನ್ನು ಒಮ್ಮೆಲೇ ಸುರಿದರು. ಒತ್ತೊತ್ತಾಗಿ ಬಿದ್ದದ್ದು ಚುರ್ರೆನ್ನುವುದು ಬಿಟ್ಟು ನೀರು ಬಿಟ್ಟು ಕುದಿಯಿತು. ಅದನ್ನು ಇಳಿಸಿ ಅವರು ಮೊಸರಿನ ಬೋಗುಣಿ ತರಲು ಹೋದಾಗ ಹೆಂಡತಿ ತಮ್ಮ ಪಾಲನ್ನು ಬಿಡಿಬಿಡಿಯಾಗಿ ಹರಡಿದರು. ಒಂದು ಮಗ್ಗುಲು ಒಂದೂವರೆ ನಿಮಿಷ, ಇನ್ನೊಂದು ಮಗ್ಗುಲು ಅಷ್ಟೇ. ನಸುಗೆಂಪಾಗಿ ಅರ್ಧಚಂದ್ರದ ಹಾಗೆ ಬಾಗುವಾಗಲೇ ಇಳಿಸಿದರು. ಪೂರ್ತಿ ಸುತ್ತಿಕೊಂಡರೆ ಹೊತ್ತು ಮೀರಿತೆಂದೇ ಅರ್ಥ.

"ಹನ್ನೊಂದು ನಿಮಿಷ!" ಎಂದು ಸಾಹೇಬರು ಮೊಬೈಲು ಎತ್ತಿ ತೋರಿಸಿದರು. "ನಾಕು ನಿಮಿಷ ಉಳೀತು ನೋಡ್ರಿ."

ಬಿಸಿ ರೊಟ್ಟಿ ಮೆತ್ತಗಿರುವಾಗಲೇ ಸುತ್ತಿಕೊಂಡೆವು. ಒಳಗೆ ಗಟ್ಟಿ ಮೊಸರು, ಕೊತ್ತಂಬರಿ, ಅವ್ವನ ಒತ್ತಾಯಕ್ಕೆ ಶೇಂಗಾ ಚಟ್ನಿ. ಸಾಹೇಬರ ಪಾಲಿನದನ್ನು ಮಾಸ್ತರರು ಬಹಳ ಹೊತ್ತು ಅಗಿದರು, ಅಶೋಕನ ಮುಂದಿನ ಮಾತು ಅಲ್ಲೇ ಸಿಕ್ಕಿಕೊಂಡಿತು. ಹೆಂಡತಿಯ ಪಾಲಿನದು ನನಗೆ ಬಂತು. ಮೆಚ್ಚಲೇಬೇಕು. ಆ ಜ್ವಾಳ, ಆ ಖಾರ, ಆ ಸಿಗಡಿ ಮೊದಲಿನಿಂದ ಬೀಗರೆಂಬಂತೆ ಹೊಂದಿದ್ದವು. ಯೋಚಿಸಿದರೆ ಅದರಲ್ಲಿ ಆಶ್ಚರ್ಯವೂ ಇಲ್ಲ. ಖಾರ, ಟೊಮೆಟೊ, ಡಬ್ಬು ಮೆಣಸಿನಕಾಯಿ, ಶೇಂಗಾ ಎಲ್ಲವೂ ಅಮೆರಿಕದ ಕಡೆಯಿಂದ ಹಡಗು ಹತ್ತಿ ಬಂದವೇ. ಆಂಧ್ರದ ಕೆರೆಗಳಲ್ಲಿ ಈಗ ಸಾಕುವ ವನಾಮಿ ಸಿಗಡಿಯ ತವರು ಮೆಕ್ಸಿಕೋದಿಂದ ಪೆರುವಿನವರೆಗಿನ ಪೆಸಿಫಿಕ್ ಕರಾವಳಿ, ಇಲ್ಲಿ ಅದನ್ನು ಸಾಕಲು ಒಪ್ಪಿಗೆ ಸಿಕ್ಕದ್ದು 2009ರಲ್ಲಿ. ಆ ತಾಟಿನಲ್ಲಿ ಮೆಕ್ಸಿಕೋದ ಗಾಳಿ ಸೋಕದೆ ಕೂತಿದ್ದವು ಅವ್ವನ ರೊಟ್ಟಿ, ಮೊಸರು ಮತ್ತು ಸಾಹೇಬರು.

ಮರುದಿನ ಲಿಂಗಸುಗೂರಿನ ಚಹಾದಂಗಡಿಯಲ್ಲಿ ಹನ್ನೊಂದು ನಿಮಿಷದ ಸುದ್ದಿ ಹಬ್ಬಿತಂತೆ. ಸಂಜೆಯ ಹೊತ್ತಿಗೆ ಅದು ಒಂಬತ್ತಕ್ಕೆ ಇಳಿದಿತ್ತು. ಬಚ್ಚಲಲ್ಲಿ ಬಿದ್ದಿದ್ದ ಎರಡು ಹಂಚು, ಏಳು ಬಟ್ಟಲು, ಒಂದು ಥರ್ಮಾಕೋಲ್ ಡಬ್ಬಿಯ ಸುದ್ದಿ ಹಬ್ಬಲಿಲ್ಲ. ಬಿ.ಕಾಂ ಪರೀಕ್ಷೆಯದನ್ನು ಯಾರೂ ಕೇಳಲಿಲ್ಲ.

ಆದರೆ ಅದಕ್ಕೂ ಮೊದಲು, ಆ ರಾತ್ರಿ ಕೈ ತೊಳೆಯುವಾಗ ಅವ್ವ ಒಂದು ಮಾತು ಅಂದಳು. ಎರಡು ರೊಟ್ಟಿ ಉಂಡಿದ್ದಳು, ಸೊಸೆಯ ಪಾಲಿನ ಸಿಗಡಿಯನ್ನೇ ಆರಿಸಿ ಆರಿಸಿ.

"ಫಜೀತಿ ಚಲೋ ಆಗೈತಪಾ. ಮುಂದಿನ ಬುಧವಾರನೂ ಮಾಡು. ಆದ್ರ ಆ ಹುಳ ಸುಲಿಯೋದು, ಉಳ್ಳಾಗಡ್ಡಿ ಹೆಚ್ಚೋದು, ಹಂಚು ತಿಕ್ಕೋದು ಎಲ್ಲಾ ನೀನ ಮಾಡು. ಹದಿನೈದು ನಿಮಿಷದ ಕೆಲಸ."

ಸಾಹೇಬರು ಒದ್ದೆ ಕೈಯಲ್ಲೇ ಗೋಡೆಯ ಹತ್ತಿರ ಹೋದರು. ಶಾಬಾದಿಮಠದ ಕ್ಯಾಲೆಂಡರಿನ ಮೇಲೆ, ಜೀವನದಲ್ಲಿ ಮೊದಲ ಸಲ, ಭಕ್ತಿಯಿಂದ ಬೆರಳಾಡಿಸಿದರು.

"ಮುಂದಿನ ಬುಧವಾರ ಏಕಾದಶಿ ಐತಲ್ಲ, ಯವ್ವಾ."