ಪುಕ್ಕ ಕಳೆದುಕೊಂಡ ಹೇಂಟೆಯ ಪರವಾಗಿ

ಹಿತ್ತಲಲ್ಲಿ ಸಾಕಿದ ಕೋಳಿಗಳ ಪೈಕಿ ಯಾವುದು ಹೆಚ್ಚು ದುಡಿಯುತ್ತದೆ ಎಂಬುದನ್ನು ರೂಪ ನೋಡಿ ನಿರ್ಣಯಿಸಲು ಹೊರಟವರು ಬಹುಮಟ್ಟಿಗೆ ಸೋಮಾರಿ ಹೇಂಟೆಗೆ ಹೊಗಳಿಕೆಯನ್ನೂ ದುಡಿಯುವ ಹೇಂಟೆಗೆ ಸಾರಿನ ಪಾತ್ರೆಯನ್ನೂ ದಯಪಾಲಿಸುತ್ತಾರೆ. ಬಿಡುವಿಲ್ಲದೆ ಮೊಟ್ಟೆಯಿಟ್ಟ ಹೇಂಟೆಯ ಗರಿಗಳ ಅಂಚು ಸವೆದಿರುತ್ತದೆ. ಹಳದಿ ಕಾಲಿನ ತಳಿಯಾಗಿದ್ದರೆ ಕಾಲಿನ ಬಣ್ಣವೆಲ್ಲ ಮೊಟ್ಟೆಯ ಹಳದಿ ಭಾಗಕ್ಕೆ ಸಂದಾಯವಾಗಿ ಕಾಲು ಬಿಳಿಚಿಕೊಂಡಿರುತ್ತದೆ. ಇಷ್ಟು ಸಾಲದೆಂಬಂತೆ ಒಂದು ದಿನ ತಲೆ, ಕತ್ತುಗಳಿಂದ ಆರಂಭಿಸಿ ಪುಕ್ಕವೂ ಉದುರತೊಡಗುತ್ತದೆ. ಆಗ ಮನೆಯಲ್ಲಿ ಪಕ್ಕದವರ ದೃಷ್ಟಿ ತಾಗಿತೆಂದು ಒಬ್ಬರೂ, ರೋಗ ಬಂತೆಂದು ಇನ್ನೊಬ್ಬರೂ, ಹೊಸ ಅಂಗಡಿಯ ಜೋಳವೇ ಕಾರಣವೆಂದು ಮತ್ತೊಬ್ಬರೂ ವಾದ ಮಂಡಿಸುತ್ತಾರೆ. ಹೇಂಟೆಯ ಅಭಿಪ್ರಾಯವನ್ನು ಯಾರೂ ವಿಚಾರಿಸುವುದಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುವ ಸಂಪ್ರದಾಯ ಈ ನಾಡಿನಲ್ಲಿ ಎಂದೂ ಇದ್ದದ್ದಲ್ಲ.

ಬೆಳೆದ ಕೋಳಿಯ ಮೈಮೇಲೆ 8,000ದ ಆಸುಪಾಸಿನಲ್ಲಿ ಗರಿಗಳಿರುತ್ತವೆ. ಅವು ಕೆರಟಿನ್‌ ಎಂಬ, ಉಗುರು ಮತ್ತು ಕೊಕ್ಕುಗಳಲ್ಲಿಯೂ ಇರುವ ಸಸಾರಜನಕದಿಂದ ಆದವು. ಪೂರ್ತಿ ಬೆಳೆದ ಗರಿ ನಿರ್ಜೀವ ವಸ್ತುವಾದ್ದರಿಂದ ಅದು ಹರಿದರೆ ರಿಪೇರಿಗೆ ಅವಕಾಶವಿಲ್ಲ, ಬದಲಿಸಬೇಕಷ್ಟೆ. ವರ್ಷಕ್ಕೊಮ್ಮೆ ನಡೆಯುವ ಈ ಬದಲಾವಣೆಯನ್ನು ಪಶುವೈದ್ಯರು ಮೌಲ್ಟಿಂಗ್‌ ಎನ್ನುತ್ತಾರೆ. ಅದಕ್ಕೆ ಮುಖ್ಯ ಸೂಚನೆ ಹಗಲಿನ ಉದ್ದ. ಕೋಳಿಯ ಮಿದುಳಿಗೆ ಬೆಳಕು ಕಣ್ಣಿನಿಂದ ಮಾತ್ರವಲ್ಲದೆ ತೆಳ್ಳನೆಯ ತಲೆಬುರುಡೆಯ ಮೂಲಕವೂ ತಲುಪುವುದರಿಂದ, ಹಗಲು ಕುಗ್ಗತೊಡಗಿದ ಸುದ್ದಿ ಪಂಚಾಂಗದ ನೆರವಿಲ್ಲದೆಯೇ ಅದಕ್ಕೆ ಗೊತ್ತಾಗಿ, ಮೊಟ್ಟೆಗೆ ಸಂಬಂಧಿಸಿದ ಹಾರ್ಮೋನುಗಳು ಇಳಿದು ಪುಕ್ಕ ಸಡಿಲವಾಗುತ್ತದೆ. ಲಂಡನ್ನಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಹತ್ತಿರ ಹತ್ತಿರ 9 ಗಂಟೆಗಳ ಅಂತರವಿರುವುದರಿಂದ ಅಲ್ಲಿನ ಕೋಳಿಗಳು ಶರತ್ಕಾಲದಲ್ಲಿ ಹೆಚ್ಚುಕಡಿಮೆ ಒಟ್ಟಾಗಿ ಬೋಳಾಗುತ್ತವೆ. ಬೆಂಗಳೂರಿನಲ್ಲಿ ಈ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರವಾದ್ದರಿಂದ ಇಲ್ಲಿನ ಹೇಂಟೆಗೆ ಸೂಚನೆ ಅಸ್ಪಷ್ಟವಾಗಿಯೇ ಕೇಳಿಸುತ್ತದೆ. ಹೀಗಾಗಿ ಅದು ವಯಸ್ಸು, ಕಾವು ಕೂತ ದಣಿವು, ಬಿಸಿಲು, ಮೇವಿನ ಕೊರತೆ, ಯಾರೋ ನೀರಿಡಲು ಮರೆತ ದಿನ ಮುಂತಾದ ಸಂಗತಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ತನ್ನದೇ ಮುಹೂರ್ತದಲ್ಲಿ ಪುಕ್ಕ ಬಿಡುತ್ತದೆ. ವಿದೇಶೀ ಕೈಪಿಡಿ ಓದಿ ಅಕ್ಟೋಬರ್‌ ತಿಂಗಳಿಗಾಗಿ ಕಾದು ಕುಳಿತ ಸಾಕಣೆದಾರನಿಗೆ ಏಪ್ರಿಲ್‌ನಲ್ಲಿಯೇ ಬೋಳುಕತ್ತಿನ ದರ್ಶನವಾದರೆ ಅದು ಕೋಳಿಯ ಅಶಿಸ್ತಲ್ಲ, ಅಕ್ಷಾಂಶದ ಪ್ರಭಾವ.

ಮನೆಯವರನ್ನು ನಿಜವಾಗಿ ಕೆರಳಿಸುವುದು ಪುಕ್ಕವಲ್ಲ, ಮೊಟ್ಟೆ ನಿಂತುಹೋಗುವುದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಸಾರಜನಕವಿದ್ದರೆ, ಗರಿಯ ತೂಕದ ಹತ್ತು ಪಾಲಿನಲ್ಲಿ ಹತ್ತಿರ ಹತ್ತಿರ ಒಂಬತ್ತು ಪಾಲು ಸಸಾರಜನಕವೇ ಆಗಿರುತ್ತದೆ. ಅದರಲ್ಲಿಯೂ ಗಂಧಕ ಬೆರೆತ ಅಮೈನೋ ಆಮ್ಲಗಳು, ಅಂದರೆ ಸಸಾರಜನಕದ ಘಟಕಗಳಾದ ಮಿಥಿಯೋನಿನ್‌ ಮತ್ತು ಸಿಸ್ಟೀನ್‌, ಗರಿಗೆ ಧಾರಾಳವಾಗಿ ಬೇಕಾಗುವುದರಿಂದ ಎರಡು ಖಾತೆಗಳನ್ನು ಏಕಕಾಲಕ್ಕೆ ನಡೆಸುವ ಗೋಜಿಗೆ ಹೇಂಟೆ ಹೋಗುವುದಿಲ್ಲ. ತಲೆ, ಕತ್ತು, ಎದೆ, ಬೆನ್ನು, ರೆಕ್ಕೆ, ಬಾಲ ಎಂಬ ಸರಿಸುಮಾರು ನಿಶ್ಚಿತವಾದ ಕ್ರಮದಲ್ಲಿ ಸಾಗುವ ಕೆಲಸ ಎರಡರಿಂದ ನಾಲ್ಕು ತಿಂಗಳು ಹಿಡಿಯುತ್ತದೆ. ರೆಕ್ಕೆಯ ತುದಿಯಲ್ಲಿ ಸಾಮಾನ್ಯವಾಗಿ ಹತ್ತು ದೊಡ್ಡ ಗರಿಗಳಿದ್ದು, ಅವುಗಳಿಗೂ ಒಳಭಾಗದ ಗರಿಗಳಿಗೂ ನಡುವೆ ಅಕ್ಷಗರಿ ಎನ್ನಬಹುದಾದ ಗಿಡ್ಡ ಗರಿಯೊಂದಿರುತ್ತದೆ; ಅಲ್ಲಿಂದ ಹೊರಕ್ಕೆ ಲೆಕ್ಕ ಹಾಕುತ್ತ ಹೋದರೆ ಹೇಂಟೆಯ ನಡತೆ ಬಯಲಾಗುತ್ತದೆ. ಕಡಿಮೆ ಮೊಟ್ಟೆಯಿಡುವ ಹೇಂಟೆ ಬೇಗ ಆರಂಭಿಸಿ, ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವವರು ಒಂದು ಹೆಂಚು ತೆಗೆದು ಒಂದು ಹೊದಿಸುವಂತೆ, ಒಂದೊಂದೇ ಗರಿ ಬದಲಿಸುತ್ತ ತಿಂಗಳುಗಟ್ಟಲೆ ಎಳೆಯುತ್ತದೆಯಾದರೂ ನೋಡುವವರ ಕಣ್ಣಿಗೆ ಮಾತ್ರ ಸದಾ ಸುಂದರಿಯಾಗಿಯೇ ಉಳಿಯುತ್ತದೆ. ಚೆನ್ನಾಗಿ ಇಡುವ ಹೇಂಟೆಯಾದರೋ ತಡವಾಗಿ, ಕೈಲಾದಷ್ಟು ದಿನ ಮೊಟ್ಟೆಯಿಟ್ಟ ಮೇಲೆ ಆರಂಭಿಸಿ, ಹಲವು ಗರಿಗಳನ್ನು ಒಮ್ಮೆಗೇ ಕಳಚಿ, ನಾಲ್ಕು ಜನರೆದುರು ಅವಮಾನಕರವಾಗಿ ಓಡಾಡಿ, ಬೇಗ ಮುಗಿಸಿ ಗೂಡಿಗೆ ಮರಳುತ್ತದೆ.

ಹುಂಜವೂ ಪುಕ್ಕ ಬಿಡುತ್ತದೆ. ಕಾಳಗದ ಹುಂಜದ ಬಣ್ಣವನ್ನು ವಾರ, ನಕ್ಷತ್ರಗಳಿಗೆ ಹೊಂದಿಸಿ ಸೋಲುಗೆಲುವು ಹೇಳುವ ಕುಕ್ಕುಟ ಪಂಚಾಂಗವನ್ನು ತುಳುನಾಡಿನಲ್ಲಿ ನಂಬುವವರಿದ್ದಾರೆ; ಕೋಳಿಅಂಕದ ಕಾನೂನು ತೊಡಕುಗಳನ್ನು ಬದಿಗಿಟ್ಟು ನೋಡಿದರೂ, ಬಣ್ಣವೇ ಉದುರಿಹೋದ ಹುಂಜದ ಗ್ರಹಗತಿಯನ್ನು ಗುಣಿಸುವುದು ಯಾವ ಪಂಡಿತನಿಗೂ ಕಷ್ಟವೇ.

ಬೋಳಾದದ್ದೆಲ್ಲ ಮೌಲ್ಟಿಂಗ್‌ ಅಲ್ಲವಾದ್ದರಿಂದ ಯಾವ ಜಾಗ ಬೋಳಾಗಿದೆ ಎಂಬುದನ್ನು ನೋಡುವುದು ಅಗತ್ಯ. ಎದೆ ಮಾತ್ರ ಬೋಳಾಗಿದ್ದರೆ ಹೇಂಟೆ ಕಾವಿಗೆ ಕೂತಿದೆ ಎಂದರ್ಥ. ಮೈಯ ಬಿಸಿ ಮೊಟ್ಟೆಗೆ ನೇರವಾಗಿ ತಗಲಲೆಂದು 21 ದಿನಗಳ ಆ ವ್ರತದಲ್ಲಿ ಎದೆಯ ಚರ್ಮ ಬರಿದಾಗುತ್ತದೆ. ಬೆನ್ನು ಮತ್ತು ತಲೆಯ ಹಿಂಭಾಗ ಬೋಳಾಗಿದ್ದರೆ ಹುಂಜದ ಕಡೆಗೆ ನೋಡಬೇಕು. ಹುಂಜವು ಮೆಟ್ಟುವಾಗ ಕೊಕ್ಕಿನಿಂದ ತಲೆಪುಕ್ಕವನ್ನು ಹಿಡಿದು ಉಗುರುಗಳಿಂದ ಬೆನ್ನಿನ ಮೇಲೆ ಸಮತೋಲ ಸಾಧಿಸುವುದರಿಂದ, ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆಗಳಿದ್ದರೆ ಹಂಚಿಹೋಗುವ ಗಾಯ ಮೂರೇ ಹೇಂಟೆಗಳಿರುವ ಹಿತ್ತಲಿನಲ್ಲಿ ಸಾಂದ್ರವಾಗುತ್ತದೆ. ಹುಂಜ ಗಿರಿರಾಜ ತಳಿಯದಾಗಿ, ಹೇಂಟೆ ಅದರ ತೂಕದ ಮೂರನೆಯ ಒಂದು ಪಾಲೂ ಇಲ್ಲದ ನಾಟಿಯಾದರೆ ಫಲಿತಾಂಶವನ್ನು ಊಹಿಸಿಕೊಳ್ಳಬಹುದು. ಅಮೆರಿಕ, ಇಂಗ್ಲೆಂಡುಗಳಲ್ಲಿ ಇಂಥ ಹೇಂಟೆಗಳ ಬೆನ್ನಿಗೆ ಕಟ್ಟಲು ಬಟ್ಟೆಯ ಕವಚಗಳು, ಹೂವಿನ ಚಿತ್ತಾರದವು ಕೂಡ, ಮಾರಾಟಕ್ಕಿವೆ. ಒಂದು ಹುಂಜವನ್ನು ಕಡಿಮೆ ಮಾಡುವುದು ಅದಕ್ಕಿಂತ ಅಗ್ಗ.

ಗುದದ ಸುತ್ತ ಬೋಳಾಗಿ ಗರಿಬುಡದಲ್ಲಿ ಬಿಳಿಯ ಮೊಟ್ಟೆಗಳ ಗೊಂಚಲು ಕಂಡರೆ ಅದು ಹೇನಿನ ಕೆಲಸ. ಕೆಂಪು ನುಸಿಯು ಇದಕ್ಕಿಂತ ಕಿಲಾಡಿಯಾಗಿದ್ದು, ಹಗಲೆಲ್ಲ ಗೂಡಿನ ಸಂದಿಗಳಲ್ಲಿ ಅಡಗಿದ್ದು ರಾತ್ರಿ ಮಾತ್ರ ರಕ್ತ ಹೀರಲು ಬರುವುದರಿಂದ, ಮಧ್ಯಾಹ್ನ ಕೋಳಿ ಹಿಡಿದು ಪರೀಕ್ಷಿಸುವವರಿಗೆ ಅದು ಎಂದೂ ಸಿಗುವುದಿಲ್ಲ. ಎರಡಕ್ಕೂ ಕೋಳಿ ಕಂಡುಕೊಂಡ ಉಪಾಯ ದೂಳುಸ್ನಾನ. ಸೌದೆ ಒಲೆಯ ಕಾಲದಲ್ಲಿ ಹಿತ್ತಲ ಮೂಲೆಯ ಬೂದಿಗುಂಡಿ ಅದಕ್ಕೆ ಉಚಿತ ಬಚ್ಚಲಾಗಿತ್ತು. ಅಡುಗೆಮನೆಗೆ ಗ್ಯಾಸ್‌ ಬಂದು ಮನೆಯ ಹೆಂಗಸರ ಕಣ್ಣುರಿ ತಪ್ಪಿತು, ಅಂಗಳಕ್ಕೆ ಸಿಮೆಂಟ್‌ ಬಂದು ಕಾಲಿನ ಕೆಸರು ತಪ್ಪಿತು, ಕೋಳಿಗೆ ಸ್ನಾನವೂ ತಪ್ಪಿತು.

ಇನ್ನು ಕೋಳಿಗಳೇ ಪರಸ್ಪರ ಪುಕ್ಕ ಕೀಳುವುದುಂಟು. ನಾರ್ವೆಯ ಥಾರ್ಲೈಫ್‌ ಶೆಲ್ಡೆರುಪ್‌-ಎಬ್ಬೆ ಎಂಬ ವಿಜ್ಞಾನಿ ಬಾಲ್ಯದಿಂದಲೇ ಕೋಳಿಗಳನ್ನು ಗಮನಿಸುತ್ತ ಬಂದು, ಯಾರು ಯಾರನ್ನು ಕುಕ್ಕಬಹುದು ಎಂಬ ಶ್ರೇಣಿಯೊಂದು ಪ್ರತಿ ಹಿಂಡಿನಲ್ಲಿಯೂ ಇರುವುದನ್ನು 1920ರ ದಶಕದ ಆರಂಭದಲ್ಲಿ ವಿವರಿಸಿದ. ಈ ಕುಕ್ಕಿನ ಶ್ರೇಣಿಯ ತಳದಲ್ಲಿರುವ ಹೇಂಟೆ ಊಟಕ್ಕೆ ಕೊನೆಯದು, ಏಟಿಗೆ ಮೊದಲನೆಯದು. ಆದರೆ ಗದ್ದಲವಿಲ್ಲದೆ ಪಕ್ಕದವಳ ಗರಿ ಕಿತ್ತು ನುಂಗುವ ಚಟ ಬೇರೆಯೇ. ಅದು ಅಧಿಕಾರದ ಪ್ರಶ್ನೆಯಾಗಿರದೆ, ಕೆದಕಲು ನೆಲವಿಲ್ಲದ, ಇಕ್ಕಟ್ಟಾದ, ಸಸಾರಜನಕ ಸಾಲದ ಬದುಕಿನ ಬೇಸರದಿಂದ ಹುಟ್ಟುತ್ತದೆ. ಗೂಡಿನಲ್ಲಿ ಒಂದು ಕಟ್ಟು ಸೊಪ್ಪು ತೂಗುಹಾಕಿದರೆ ಕೊಕ್ಕುಗಳಿಗೆ ಬೇರೆ ಕೆಲಸ ಸಿಗುತ್ತದೆ.

ಹುಟ್ಟಿನಿಂದಲೇ ಕತ್ತು ಬೋಳಾಗಿರುವ ತಳಿಗಳಿಗೆ ಬೇವಿನೆಣ್ಣೆ ಹಚ್ಚಿ ಪ್ರಯೋಜನವಿಲ್ಲ. ಆ ಲಕ್ಷಣ ವಂಶವಾಹಿಯದು, ಸೆಕೆ ನಾಡಿನಲ್ಲಿ ಅನುಕೂಲವೂ ಹೌದು. ಈ ತರ್ಕವನ್ನು ಕೊನೆಯವರೆಗೂ ಒಯ್ದವರು ಇಸ್ರೇಲಿನ ರೆಹೊವೊತ್‌ನಲ್ಲಿದ್ದ ತಳಿವಿಜ್ಞಾನಿ ಅವಿಗ್ಡೋರ್‌ ಕಹಾನರ್‌. 2002ರಲ್ಲಿ ಅವರ ಪೂರ್ತಿ ಬೋಳು ಕೋಳಿಯ ಚಿತ್ರ ಪ್ರಕಟವಾದಾಗ, ಬಿಸಿಲಿಗೆ ಸುಡುವ, ಸೊಳ್ಳೆ ಕಚ್ಚುವ ಚರ್ಮದ ಗತಿಯೇನೆಂದು ಟೀಕಾಕಾರರು ಕೇಳಿದರು. ಕೋಳಿ ಆ ಚಿತ್ರದಲ್ಲಿ ಸಿಟ್ಟಿನಲ್ಲಿದ್ದಂತೆ ಕಾಣುತ್ತದೆ.

ಮೌಲ್ಟಿಂಗ್‌ನಲ್ಲಿರುವ ಹೇಂಟೆಗೆ ಮಾಡಬಹುದಾದ ಉಪಚಾರ ಸರಳ: ಶೇಂಗಾ ಹಿಂಡಿ, ಒಣಮೀನಿನ ಪುಡಿ, ಸಿಕ್ಕರೆ ಗೆದ್ದಲು ತಿನ್ನಿಸಿ, ಎತ್ತಿಕೊಂಡು ಮುದ್ದಿಸುವ ಆಸೆಯನ್ನು ತಡೆದುಕೊಳ್ಳುವುದು, ಏಕೆಂದರೆ ಹೊಸ ಗರಿಯ ಮೊಳಕೆಯೊಳಗೆ ರಕ್ತ ಹರಿಯುತ್ತಿದ್ದು ಮುಟ್ಟಿದರೆ ನೋಯುತ್ತದೆ. ಮತ್ತೆ ಆರಂಭವಾಗುವ ಮೊಟ್ಟೆಗಳು ಮೊದಲ ವರ್ಷಕ್ಕಿಂತ ಎಣಿಕೆಯಲ್ಲಿ ಕಡಿಮೆ, ಗಾತ್ರದಲ್ಲಿ ದೊಡ್ಡವು. ಅಷ್ಟು ತಾಳ್ಮೆಯಿಲ್ಲದೆ ಹೇಂಟೆಯನ್ನು ಪಾತ್ರೆಗೆ ಕಳುಹಿಸಿದವರು ಕುದಿನೀರಿನಲ್ಲಿ ಅದ್ದಿ, ಬೆಂಕಿಯಲ್ಲಿ ಸುಟ್ಟು, ಅರಿಸಿನ ಉಜ್ಜಿದರೂ ಕಪ್ಪು ಮೊಳಕೆಗಳು ಚರ್ಮದೊಳಗೇ ಉಳಿದಿರುತ್ತವೆ. ಅವನ್ನು ಚಿಮಟದಿಂದ ಒಂದೊಂದಾಗಿ ಕೀಳುವ ಕೆಲಸ, ಕೊಯ್ಯಲೇಬೇಕೆಂದು ಹಠ ಹಿಡಿದವರ ಪಾಲಿಗೇ ಬೀಳುವಂತಿದ್ದರೆ ಎಷ್ಟೋ ಹೇಂಟೆಗಳು ಇನ್ನೊಂದು ವರ್ಷ ಬದುಕುತ್ತಿದ್ದವು.